ಹಿಮ್ಮಡಿ ನೋವಿಗೊಂದು ಶಾಕ್!

ಐವತ್ತು ದಾಟಿದವರು ನಾಲ್ಕು ಜನ ಕೂತರೆ ಮಾತು ಶುಗರ್, ಬಿಪಿ ಮುಗಿಸಿಕೊಂಡು ಕಾಲಿಗೆ ಬಂದೇ ಬರ್ತದೆ. ನಮ್ಮ ಡೊಂಬಿವಲಿಯ ಕನ್ನಡ ಮಂದಿಯೊಳಗೆ ಈಗಿನ ಮಾತು ಅಂದ್ರೆ ಶಾಕ್‌ವೇವ್. ಹಿಮ್ಮಡಿಗೆ ಶಾಕ್‌ವೇವ್, ಭುಜಕ್ಕೆ ಶಾಕ್‌ವೇವ್, ಮೊಣಕೈಗೆ ಶಾಕ್‌ವೇವ್. ನಮ್ಮ ಮನೆಗೂ ಬಂತು. ನಾನು ಡಾಕ್ಟರಲ್ಲ, ಬಿಕಾಂ ಓದಿ ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ನೋಡಿದವನು. ಇದನ್ನೂ ಹಾಗೇ ನೋಡಿದೆ. ಯಾರಿಗಾದ್ರೂ ಉಪಯೋಗ ಆದೀತು ಅಂತ ಬರೀತಿದ್ದೀನಿ.

ನೋವು ನನ್ನ ಹೆಂಡತಿಗೆ, ಒಂಬತ್ತು ತಿಂಗಳಿಂದ. ಬೆಳಿಗ್ಗೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ. ಸ್ವಲ್ಪ ನಡೆದ ಮೇಲೆ ಸಡಿಲ, ಸಂಜೆಗೆ ಮತ್ತೆ ಶುರು. ಧಾರವಾಡದಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದವಳು ಇಲ್ಲಿ ಇಪ್ಪತ್ತೈದು ವರ್ಷದಿಂದ ಟೈಲ್ಸ್ ಮೇಲೆ ಬರಿಗಾಲಲ್ಲಿ ನಿಂತು ಅಡುಗೆ ಮಾಡ್ತಾಳೆ. ಹಿಮ್ಮಡಿಯಿಂದ ಬೆರಳಿನ ಬುಡದ ತನಕ ಅಂಗಾಲಿನಲ್ಲಿ ಒಂದು ದಪ್ಪ ನಾರಿನ ಪಟ್ಟಿ ಇರ್ತದಂತೆ. ಅದು ದಣಿದು ಸವೆದಾಗ ಬರುವ ನೋವು ಇದು, ಹೆಸರು ಪ್ಲಾಂಟರ್ ಫೇಸಿಯೈಟಿಸ್ ಅಂದರು ಡಾಕ್ಟರು. ಹೀಲ್ ಕಪ್, ವ್ಯಾಯಾಮ, ಮಾತ್ರೆ ಎಲ್ಲಾ ಆಯ್ತು. ಕೊನೆಗೆ ಶಾಕ್‌ವೇವ್ ಮಾತು ಬಂತು.

"ಕಾಲಿಗೆ ಕರೆಂಟ್ ಕೊಡತಾರೇನ್ರೀ?" ಅಂದಳು ಗಾಬರಿಯಿಂದ.

ಕರೆಂಟ್ ಅಲ್ಲ. ಇದು ಒತ್ತಡದ ಅಲೆ, ಶಬ್ದದ ಅಣ್ಣ ಅನ್ನಿ. ಜರ್ಮನಿಯ ಡಾರ್ನಿಯರ್ ಅನ್ನೋ ವಿಮಾನ ಕಂಪನಿ ಈ ಅಲೆಗಳ ಮೇಲೆ ಕೆಲಸ ಮಾಡಿತ್ತು. ಅದರಿಂದ ಹುಟ್ಟಿದ ಯಂತ್ರದಲ್ಲಿ 1980ರ ಫೆಬ್ರವರಿಯಲ್ಲಿ ಮ್ಯೂನಿಕ್‌ನಲ್ಲಿ ಮೊದಲ ಸಲ ಒಬ್ಬ ರೋಗಿಯ ಕಿಡ್ನಿ ಕಲ್ಲನ್ನು ಕೊಯ್ಯದೆ ಪುಡಿ ಮಾಡಿದರು. ಆಮೇಲೆ ಅದು ಮೂಳೆಗೆ, ನರಕ್ಕೆ ಇಳಿಯಿತು. 2000ದಲ್ಲಿ ಅಮೆರಿಕದ ಎಫ್‌ಡಿಎ ಹಿಮ್ಮಡಿ ನೋವಿಗೆ ಒಂದು ಯಂತ್ರವನ್ನು ಒಪ್ಪಿತು. ಎಕ್ಸ್‌ರೇಯಲ್ಲಿ ಕಾಣುವ ಹಿಮ್ಮಡಿಯ ಮುಳ್ಳುಮೂಳೆಯನ್ನು ಇದು ಒಡೀತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಹಳೇ ನೋವಿನ ಜಾಗವನ್ನು ಸ್ವಲ್ಪ ಕೆಣಕಿ, ದೇಹ ಅಲ್ಲಿ ಮತ್ತೆ ರಿಪೇರಿ ಕೆಲಸ ಶುರು ಮಾಡಲಿ ಅನ್ನೋದು ಉಪಾಯ.

ಒಂದು ಕ್ಲಿನಿಕ್ಕಿನಲ್ಲಿ ವಿಚಾರಿಸಿದೆ. ಐದು ಸಿಟ್ಟಿಂಗ್ ಪ್ಯಾಕೇಜ್, ಇವತ್ತೇ ಪೂರ್ತಿ ಕಟ್ಟಿದರೆ ಡಿಸ್ಕೌಂಟ್, "ನೂರಕ್ಕೆ ತೊಂಬತ್ತು ಜನಕ್ಕೆ ಗುಣ ಸರ್" ಅಂದರು. ಇಷ್ಟು ರಿಟರ್ನ್ ಕೊಡುವ ಸ್ಕೀಮ್ ಯಾರಾದ್ರೂ ತಂದರೆ ನಾವು ಬ್ಯಾಂಕಿನವರು ಮೊದಲು ಅಡಿಯಲ್ಲಿರೋ ಸಣ್ಣಕ್ಷರ ಓದ್ತೀವಿ! ಮನೆಗೆ ಬಂದು ಓದಿದೆ. 2002ರಲ್ಲಿ ಆಸ್ಟ್ರೇಲಿಯಾದಲ್ಲಿ, 2003ರಲ್ಲಿ ಜರ್ಮನಿಯಲ್ಲಿ ನಡೆದ ಪರೀಕ್ಷೆಗಳಲ್ಲಿ ಇದಕ್ಕೂ ಸುಳ್ಳು ಚಿಕಿತ್ಸೆಗೂ ವ್ಯತ್ಯಾಸವೇ ಕಾಣಲಿಲ್ಲ. 2008ರ ಇನ್ನೊಂದು ಪರೀಕ್ಷೆಯಲ್ಲಿ, ಆರು ತಿಂಗಳಿಗೂ ಹೆಚ್ಚು ನರಳಿದವರಲ್ಲಿ, ನಿಜವಾದ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 61 ಜನಕ್ಕೆ ಗುಣ ಕಂಡಿತು. ಒಳ್ಳೇದೇ. ಆದರೆ ಸುಳ್ಳು ಚಿಕಿತ್ಸೆಯವರಲ್ಲೂ 42 ಜನಕ್ಕೆ ಕಂಡಿತು! ಅಂದ್ರೆ ಗ್ರಾಸ್ 61, ನೆಟ್ 19. ಕೌಂಟರಿನಲ್ಲಿ ಹೇಳೋದು ಗ್ರಾಸ್; ನಾವು ದುಡ್ಡು ಕೊಡೋದು ನೆಟ್‌ಗೆ.

ಹಾಗಂತ ಬೇಡ ಅಂದೆನೇ? ಇಲ್ಲ. ಒಂಬತ್ತು ತಿಂಗಳು ಕುಂಟಿದವಳಿಗೆ 19 ಸಣ್ಣ ಸಂಖ್ಯೆ ಅಲ್ಲ. ಇಂಜೆಕ್ಷನ್ನು, ಆಪರೇಷನ್ನಿಗಿಂತ ಅಪಾಯವೂ ಕಡಿಮೆ. ಪ್ಯಾಕೇಜ್ ಬಿಟ್ಟು, ಒಂದೊಂದೇ ಸಿಟ್ಟಿಂಗಿಗೆ ದುಡ್ಡು ತಗೊಳ್ಳುವ ಕಡೆ ಹೋದೆವು. ವಾರಕ್ಕೊಂದರಂತೆ ಮೂರು ಸಿಟ್ಟಿಂಗ್, ಪ್ರತಿ ಸಲ 2000 ಹೊಡೆತ, ಐದೇ ನಿಮಿಷ. ರಸ್ತೆ ಒಡೆಯೋ ಡ್ರಿಲ್ಲಿನ ತಮ್ಮನ ಹಾಗೆ ಟಕಟಕಟಕ ಸದ್ದು. ನೋವಾಗ್ತದೆ, ಅವಳು ನನ್ನ ಕೈ ಹಿಡಿದ ಜಾಗ ಕೆಂಪಾಗಿತ್ತು. ಜೊತೆಗೆ ವ್ಯಾಯಾಮ ಬಿಡಲಿಲ್ಲ, ಅಡುಗೆಮನೆಗೆ ಮೆತ್ತನೆ ಚಪ್ಪಲಿ ಬಂತು.

ಮೂರು ತಿಂಗಳಾದ ಮೇಲೆ ಮುಕ್ಕಾಲು ಪಾಲು ನೋವು ಇಳಿದಿದೆ. ಇದನ್ನು ಯಾವ ಖಾತೆಗೆ ಜಮಾ ಮಾಡಲಿ? ಶಾಕ್‌ವೇವಿಗೋ, ಚಪ್ಪಲಿಗೋ, ವ್ಯಾಯಾಮಕ್ಕೋ, ಕಾಲಕ್ಕೋ? ಸಸ್ಪೆನ್ಸ್ ಅಕೌಂಟಿನಲ್ಲೇ ಇಟ್ಟಿದ್ದೀನಿ. "ಯಾವ ಖಾತೆಗೆ ಬೇಕಾದ್ರೂ ಬರಕೋರಿ, ನನಗ ಹೆಜ್ಜಿ ಇಡಲಿಕ್ಕೆ ಬರ್ತದಲ್ಲ" ಅಂದಳು.

ನಿಮ್ಮ ಮನೆಯಲ್ಲಿ ಈ ನೋವಿದ್ದರೆ ಮೊದಲ ದಿನವೇ ಶಾಕ್‌ವೇವಿಗೆ ಓಡಬೇಡಿ. ಬಹಳ ಜನಕ್ಕೆ ವ್ಯಾಯಾಮ, ಚಪ್ಪಲಿಯಿಂದಲೇ ವರ್ಷದೊಳಗೆ ಇಳೀತದೆ. ಹಾಸಿಗೆ ಬಿಡೋ ಮುಂಚೆ ಕೂತು, ಕಾಲ್ಬೆರಳನ್ನು ಕೈಯಿಂದ ಮೊಣಕಾಲಿನ ಕಡೆ ಎಳೆದು ಹತ್ತು ಎಣಿಸಿ, ಹತ್ತು ಸಲ. ಖರ್ಚು ಸೊನ್ನೆ. ಆರು ತಿಂಗಳು ಹೀಗೆ ಮಾಡಿಯೂ ಆಗದಿದ್ರೆ ಆಗ ಡಾಕ್ಟರನ್ನು ಕೇಳಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು, ಗರ್ಭಿಣಿಯರು ಅದನ್ನು ಮೊದಲೇ ಹೇಳಬೇಕು. ಮತ್ತೆ ಪ್ಯಾಕೇಜಿಗೆ ಸಹಿ ಹಾಕೋ ಮುಂಚೆ ನೆಟ್ ಎಷ್ಟು ಅಂತ ಕೇಳಿ.

ನಿಮ್ಮಲ್ಲಿ ಯಾರಾದ್ರೂ ಮಾಡಿಸಿಕೊಂಡಿದ್ರೆ ಹೇಗಾಯ್ತು, ಬರೆದು ತಿಳಿಸಿ.