ನಾಯುಡು, ಮರ್ಚೆಂಟ್ ಮತ್ತು ನಮ್ಮ ರಾಯರು

ಅಮೆರಿಕ ದೇಶದಲ್ಲಿ ಆಟಗಾರರ ಚಿತ್ರವಿರುವ ರಟ್ಟಿನ ಕಾರ್ಡುಗಳಿಗೆಂದೇ ಒಂದು ಜಾತ್ರೆ ನಡೆಯುತ್ತದೆ. 1980ರಲ್ಲಿ ಲಾಸ್ ಏಂಜಲೀಸಿನ ಒಂದು ಹೋಟೆಲಿನಲ್ಲಿ ಮೊದಲಾದ ಈ ಜಾತ್ರೆ ಇಂದಿಗೂ ವರ್ಷಕ್ಕೊಮ್ಮೆ ನೆರೆಯುತ್ತದೆ. ನಮ್ಮಲ್ಲಿ ತೇರಿಗೆ ಹೋದಂತೆ ಅಲ್ಲಿನವರು ಮಕ್ಕಳು ಮರಿಗಳೊಡನೆ ಹೋಗಿ ಕಾರ್ಡು ಕೊಳ್ಳುತ್ತಾರೆ, ಮಾರುತ್ತಾರೆ, ಬದಲಾಯಿಸಿಕೊಳ್ಳುತ್ತಾರೆ. 1952ರಲ್ಲಿ ಟಾಪ್ಸ್ ಎಂಬ ಕಂಪನಿ ಬಬಲ್ ಗಮ್ಮಿನ ಜೊತೆ ಕೊಟ್ಟ ಮಿಕ್ಕಿ ಮ್ಯಾಂಟಲ್ ಎಂಬ ಬೇಸ್‌ಬಾಲ್ ಆಟಗಾರನ ಕಾರ್ಡೊಂದು 2022ರಲ್ಲಿ ಒಂದು ಕೋಟಿ ಇಪ್ಪತ್ತಾರು ಲಕ್ಷ ಡಾಲರಿಗೆ ಹರಾಜಾಯಿತು. ನಮ್ಮ ಲೆಕ್ಕದಲ್ಲಿ ಸುಮಾರು ನೂರು ಕೋಟಿ ರೂಪಾಯಿ! ಕೇಂದ್ರ ಸರ್ಕಾರದ ಗುಮಾಸ್ತನೊಬ್ಬ ಈ ಮೊತ್ತವನ್ನು ಬರೆಯುವಾಗ ಸೊನ್ನೆಗಳನ್ನು ಎರಡು ಸಲ ಎಣಿಸುವುದು ಸಹಜ.

ಇಷ್ಟು ಬೆಲೆ ಏಕೆ ಎಂದರೆ, ಆ ವರ್ಷ ಮಾರಾಟವಾಗದೆ ಉಳಿದ ಕಾರ್ಡುಗಳನ್ನು ಕಂಪನಿಯವರೇ 1960ರಲ್ಲಿ ಸಮುದ್ರಕ್ಕೆ ಸುರಿಸಿದರಂತೆ. ಹುಡುಗರ ಬಳಿ ಇದ್ದವನ್ನು ತಾಯಂದಿರು ಮನೆ ಗುಡಿಸುವಾಗ ಹೊರಗೆ ಹಾಕಿದರು. ಮುಂದೆ ಎಂಬತ್ತರ ದಶಕದಲ್ಲಿ ಅಲ್ಲಿನ ಜನ ಎಚ್ಚೆತ್ತು, ಪ್ರತಿಯೊಬ್ಬರೂ ಕಾರ್ಡುಗಳನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟರು. ಎಲ್ಲರೂ ಇಟ್ಟುಕೊಂಡದ್ದರಿಂದ ಆ ಕಾಲದ ಕಾರ್ಡುಗಳನ್ನು ಇಂದು ಕೇಳುವವರಿಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟಿರಬೇಕು, ಮುಂದೆ ಬೇಕಾಗುತ್ತದೆ.

ನಮ್ಮ ಕಾಲದ ಚಿತ್ರದುರ್ಗದಲ್ಲಿ ಇಂತಹ ಜಾತ್ರೆ ಇರಲಿಲ್ಲವಾದರೂ ಕಾರ್ಡುಗಳಿದ್ದವು. ಬಿಗ್ ಫನ್ ಎಂಬ ಬಬಲ್ ಗಮ್ಮಿನ ಹೊದಿಕೆಯೊಳಗೆ ಕ್ರಿಕೆಟ್ ಆಟಗಾರರ ಚಿತ್ರ, ಜೊತೆಗೆ ಇಷ್ಟು ರನ್ನು, ಇಷ್ಟು ವಿಕೆಟ್ಟು ಎಂಬ ಅಂಕಿ ಇರುತ್ತಿತ್ತು. ರನ್ನು ಕೂಡಿಸಿ ಕೊಟ್ಟರೆ ಬಹುಮಾನ. ಗಮ್ಮು ಅಗಿದು ದವಡೆ ನೋಯುತ್ತಿದ್ದರೂ ಕಪಿಲ್ ದೇವನಿಗಾಗಿ ಇನ್ನೊಂದು, ಶ್ರೀಕಾಂತನಿಗಾಗಿ ಮತ್ತೊಂದು ಎಂದು ನಾಲ್ಕಾಣೆ ಎಂಟಾಣೆಗಳನ್ನು ಹೊಂಚುತ್ತಿದ್ದೆವು. ಬಹುಮಾನಕ್ಕೆ ಕೊಟ್ಟ ಚೀಟಿ ತಿರುಗಿ ಬರುತ್ತಿರಲಿಲ್ಲ. ಉಳಿದವನ್ನು ಅನ್ನದ ಅಗುಳಿನಿಂದ ನೋಟ್ ಬುಕ್ಕಿಗೆ ಅಂಟಿಸುತ್ತಿದ್ದೆವು, ಜಿರಲೆಗಳು ಅನ್ನವನ್ನೂ ಆಟಗಾರರನ್ನೂ ಒಟ್ಟಿಗೆ ತಿಂದು ಮುಗಿಸುತ್ತಿದ್ದವು. ಗಮ್ಮಿನ ಚೀಟಿ ಬರುವುದು ನಿಂತ ಮೇಲೆ ನಾನು ಆಟಗಳ ಅಂಚೆಚೀಟಿಗಳ ಕಡೆ ತಿರುಗಿದೆ. ಬಿ.ಎಸ್ಸಿ. ಮುಗಿದು ಕೆಲಸ ಸಿಕ್ಕಿ 2004ರಲ್ಲಿ ವಿಶಾಖಪಟ್ಟಣಕ್ಕೆ ಬಂದಾಗ ಟ್ರಂಕಿನ ತಳದಲ್ಲಿ ಒಂದು ಆಲ್ಬಮ್ ಇತ್ತು. ಇಂತಹ ಹುಚ್ಚು ಇಡೀ ಆಂಧ್ರದಲ್ಲಿ ನನಗೊಬ್ಬನಿಗೇ ಇದೆ ಎಂದು ಭಾವಿಸಿದ್ದೆ.

ರಾಯರ ಪರಿಚಯವಾದದ್ದು ಆಫೀಸಿನ ಟೂರಿನ ಮೇಲೆ ವಿಜಯವಾಡಕ್ಕೆ ಹೋದಾಗ. ಅಲ್ಲಿ ಅವರದೊಂದು ಸಣ್ಣ ಉಡುಪಿ ಹೋಟೆಲು. ಬಿಲ್ಲು ಕೊಡಲು ಹೋದರೆ ಗಲ್ಲಾದ ಮೇಲೆ ಕುಳಿತ ಹಿರಿಯರೊಬ್ಬರು ಒಂದು ಬಟ್ಟಲು ನೀರಿನಲ್ಲಿ ಲಕೋಟೆಯ ಮೂಲೆಯನ್ನು ನೆನೆಹಾಕಿ, ಚಿಮುಟದಿಂದ ಚೀಟಿಯನ್ನು ಬಿಡಿಸುತ್ತಿದ್ದರು. ಅದು ಹಾಕಿ ಆಟದ ಚೀಟಿ. ನಾನು ಚಿಲ್ಲರೆಗೆ ಕೈ ಚಾಚುವುದನ್ನು ಬಿಟ್ಟು ಬಗ್ಗಿ ನೋಡಿದೆ. ಅವರು ತಲೆಯೆತ್ತದೆಯೇ, "ನಿಮಗೂ ಈ ಕಾಯಿಲೆ ಉಂಟಾ ಮಾರಾಯ್ರೆ?" ಎಂದರು. ಅಂದು ಮಧ್ಯಾಹ್ನದ ರೈಲು ತಪ್ಪಿತು. ಸಂಜೆಯ ರೈಲೂ ತಪ್ಪುವುದರಲ್ಲಿತ್ತು.

ಹನ್ನೆರಡನೆಯ ವಯಸ್ಸಿಗೆ ಉಡುಪಿಯ ಕಡೆಯಿಂದ ಬಂದು, ಲೋಟ ತೊಳೆಯುವುದರಿಂದ ಮೊದಲಾಗಿ ಗಲ್ಲಾದವರೆಗೆ ಏರಿದವರು ಅವರು. ಹೋಟೆಲು ಕೆಲಸಗಾರರ ತಂಡದಲ್ಲಿ ವಿಕೆಟ್ ಕೀಪರ್ ಆಗಿದ್ದರಂತೆ. ಬೆರಳುಗಳ ಗೆಣ್ಣು ಇನ್ನೂ ಸೊಟ್ಟಗಿದ್ದವು. ಅವರು ಕೊಂಡ ಮೊದಲ ಚೀಟಿ 1971ರ ಡಿಸೆಂಬರಿನ ಇಪ್ಪತ್ತು ಪೈಸೆಯದು. ವೆಸ್ಟ್ ಇಂಡೀಸನ್ನೂ ಇಂಗ್ಲೆಂಡನ್ನೂ ಅವರವರ ನೆಲದಲ್ಲೇ ಸೋಲಿಸಿದ ಸಂತೋಷಕ್ಕೆ ಸರ್ಕಾರ ಹೊರಡಿಸಿದ್ದು. ಓವಲ್ ಮೈದಾನದಲ್ಲಿ ನಮ್ಮ ಚಂದ್ರಶೇಖರ್ 38 ರನ್ನಿಗೆ ಆರು ವಿಕೆಟ್ ಕಿತ್ತ ಆ ವರ್ಷವನ್ನು ರಾಯರು ಹೇಳುವಾಗ, ಕನ್ನಡಿಗನೊಬ್ಬ ವಿಜಯವಾಡದಲ್ಲಿ ಲೋಟ ಎತ್ತುತ್ತ ತಲೆಯೆತ್ತಿದ ಕಥೆಯೂ ಅದರಲ್ಲಿ ಸೇರಿರುತ್ತಿತ್ತು. 1996ರ ಮಾರ್ಚಿನಲ್ಲಿ ಬಂದ ನಾಲ್ವರು ಹಿರಿಯ ಕ್ರಿಕೆಟಿಗರ ಚೀಟಿಗಳು, ಎಂದರೆ ಸಿ.ಕೆ. ನಾಯುಡು, ವಿಜಯ್ ಮರ್ಚೆಂಟ್, ವಿನೂ ಮಂಕಡ್, ದೇವಧರ್, ಅವರಲ್ಲಿ ಹಾಳೆಗಟ್ಟಲೆ ಇದ್ದವು. ನಾಯುಡು ಹುಟ್ಟಿದ್ದು ನಾಗಪುರದಲ್ಲಾದರೂ ಕೊನೆಗಾಲದಲ್ಲಿ ಆಂಧ್ರ ತಂಡಕ್ಕೂ ಆಡಿದವರಾದ್ದರಿಂದ ತೆಲುಗರು ಅವರನ್ನು ಬಿಟ್ಟುಕೊಡುವುದಿಲ್ಲ. ರಾಯರೂ ಬಿಡುತ್ತಿರಲಿಲ್ಲ.

ಚೀಟಿಗಳ ನಡುವೆ ಒಂದು ಪುಟದಲ್ಲಿ ಮಾತ್ರ ಟಿಕೆಟುಗಳ ತುಂಡುಗಳಿದ್ದವು. 1996ರ ಫೆಬ್ರವರಿ 23ರಂದು ವಿಶಾಖಪಟ್ಟಣದ ಇಂದಿರಾ ಪ್ರಿಯದರ್ಶಿನಿ ಸ್ಟೇಡಿಯಮ್ಮಿನಲ್ಲಿ ವಿಶ್ವಕಪ್ಪಿನ ಆಸ್ಟ್ರೇಲಿಯ ಮತ್ತು ಕೀನ್ಯ ಪಂದ್ಯ. ಮಾರ್ಕ್ ವಾ 130 ರನ್ನು ಹೊಡೆದದ್ದು. ರಾಯರು ಹನ್ನೆರಡು ವರ್ಷದ ಮಗನನ್ನು ಕರೆದುಕೊಂಡು ರಾತ್ರಿ ರೈಲಿನಲ್ಲಿ ಮುನ್ನೂರೈವತ್ತು ಕಿಲೋಮೀಟರು ಕುಳಿತೇ ಹೋಗಿದ್ದರು. ಅದರ ಕೆಳಗೆ 2002ರ ನವೆಂಬರ್ 24ರ ವಿಜಯವಾಡದ ಪಂದ್ಯದ್ದು. ಅಂದು ಸ್ಯಾಮ್ಯುಯೆಲ್ಸ್ ಶತಕ ಹೊಡೆದು, ವೆಸ್ಟ್ ಇಂಡೀಸಿನವರು ನಮ್ಮನ್ನು 135 ರನ್ನುಗಳಿಂದ ಸೋಲಿಸಿ ಸರಣಿಯನ್ನೂ ಒಯ್ದರು. "ನಮ್ಮ ಊರಿಗೆ ಬಂದೇ ಸೋಲಬೇಕಿತ್ತಾ ಇವರಿಗೆ?" ಎಂಬುದು ರಾಯರ ಶಾಶ್ವತ ದೂರು.

2010ರ ಕೊನೆಗೆ ಅವರಿಂದ ಒಂದು ಫೋನು ಬಂತು. ದೆಹಲಿಯಲ್ಲಿ ಇಂಡಿಪೆಕ್ಸ್ ಎಂಬ ವಿಶ್ವ ಅಂಚೆಚೀಟಿ ಪ್ರದರ್ಶನ, ಫೆಬ್ರವರಿ 12ರಿಂದ 18ರವರೆಗೆ, ಪ್ರಗತಿ ಮೈದಾನದಲ್ಲಿ. ಹೋಗೋಣವೇ? ನನ್ನ ಎಲ್.ಟಿ.ಸಿ. ಬಾಕಿಯಿತ್ತು, ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು. ನಾಲ್ಕು ವರ್ಷಕ್ಕೊಮ್ಮೆ ದೊರೆಯುವ ಸವಲತ್ತನ್ನು ಚೀಟಿ ನೋಡಲು ಖರ್ಚುಮಾಡುವವನನ್ನು ಸಹೋದ್ಯೋಗಿಗಳು ಕನಿಕರದಿಂದ ನೋಡಿದರು. ನಾನು ವಿಶಾಖಪಟ್ಟಣದಲ್ಲಿ ಹತ್ತಿದ ರೈಲಿಗೆ ರಾಯರು ವಿಜಯವಾಡದಲ್ಲಿ ಹತ್ತಿದರು. ಕೈಯಲ್ಲಿ ಎರಡು ಆಲ್ಬಮ್ಮುಗಳ ಚೀಲ, ಮೊಸರನ್ನದ ಡಬ್ಬಿ, ಕತ್ತಿನಲ್ಲಿ ಆಗಲೇ ಮಫ್ಲರು.

ನಿಜವಾದ ವಿಷಯವನ್ನು ಅವರು ಹೇಳಿದ್ದು ನಾಗಪುರ ದಾಟಿದ ಮೇಲೆ. ಹೋಟೆಲಿದ್ದ ಕಟ್ಟಡದ ಮಾಲೀಕರು ಕರಾರನ್ನು ಮುಂದುವರಿಸುವುದಿಲ್ಲ ಎಂದಿದ್ದರು. ಮಗ ಬೆಂಗಳೂರಿನ ಫ್ಲ್ಯಾಟಿಗೆ ಬನ್ನಿ ಎನ್ನುತ್ತಿದ್ದ; ಆದರೆ ಎರಡು ಕೋಣೆಯ ಆ ಮನೆಯಲ್ಲಿ ಹನ್ನೊಂದು ಆಲ್ಬಮ್ಮುಗಳಿಗೆ ಜಾಗ ಎಲ್ಲಿ? ದೊಡ್ಡ ವ್ಯಾಪಾರಿಗಳೆಲ್ಲ ಬರುವ ಕಡೆ ತೋರಿಸಿ, ಒಳ್ಳೆಯ ಬೆಲೆ ಬಂದರೆ ಎಲ್ಲವನ್ನೂ ಕೊಟ್ಟುಬಿಡುವುದೆಂದು ನಿಶ್ಚಯಿಸಿದ್ದರು. "ಮಗನ ಮನೆಗೆ ಬರಿಗೈಯಲ್ಲಿ ಹೋದ ಹಾಗೆ ಆಗಬಾರದು, ಅಷ್ಟೆ," ಎಂದು ಕಿಟಕಿಯ ಕಡೆ ತಿರುಗಿದರು. ನಾನು ಆ ಮೇಲೆ ಬಹಳ ಹೊತ್ತು ಏನೂ ಮಾತನಾಡಲಿಲ್ಲ.

ಪ್ರಗತಿ ಮೈದಾನದ ಆ ಹಳೆಯ ಸಭಾಂಗಣಗಳು ಈಗಿಲ್ಲ. ಅಲ್ಲಿ 2023ರಲ್ಲಿ ಭಾರತ ಮಂಟಪ ಬಂದಿದೆ. ಆದರೆ ಅಂದು ಒಳಗೆ ಕಾಲಿಟ್ಟಾಗಿನ ನೋಟ ಕಣ್ಣಿಗೆ ಕಟ್ಟಿದಂತಿದೆ. ಸಾಲು ಸಾಲು ಗಾಜಿನ ಚೌಕಟ್ಟುಗಳು, ಒಂದೊಂದರಲ್ಲೂ ಹದಿನಾರು ಹಾಳೆ. ಅವುಗಳ ಮುಂದೆ ಬೆನ್ನು ಬಾಗಿಸಿ ಭೂತಗನ್ನಡಿ ಹಿಡಿದು ನಿಂತ ನೂರಾರು ಜನ. ಅಷ್ಟು ಜನ ಸೇರಿದರೂ ದೇವಸ್ಥಾನದ ಪ್ರದಕ್ಷಿಣೆಯಂತೆ ಒಬ್ಬರ ಹಿಂದೆ ಒಬ್ಬರು ಮೆಲ್ಲಗೆ ಸರಿಯುತ್ತಿದ್ದರು. ನೂರು ರೂಪಾಯಿಯ ಗಾಂಧೀಜಿ ಚೀಟಿಯನ್ನು ಖಾದಿ ಬಟ್ಟೆಯ ಮೇಲೆಯೇ ಮುದ್ರಿಸಿ ಬಿಡುಗಡೆ ಮಾಡಿದ್ದರು. ಅದಕ್ಕೆ ದೊಡ್ಡ ಕ್ಯೂ.

ಒಂದು ಕಡೆ 1896ರ ಗ್ರೀಸ್ ದೇಶದ ಚೀಟಿಗಳು ಕಂಡವು. ಮೊದಲನೆಯ ಆಧುನಿಕ ಒಲಿಂಪಿಕ್ಸಿಗೆ ಹೊರಡಿಸಿದ ಹನ್ನೆರಡರ ಕಂತು. ಆಟದ ಚೀಟಿಗಳೆಂಬ ನಮ್ಮ ವಂಶಕ್ಕೆ ಅವೇ ಮೂಲಪುರುಷರು. ಪುಸ್ತಕದ ಕಪ್ಪು ಬಿಳುಪು ಚಿತ್ರದಲ್ಲಷ್ಟೇ ಕಂಡಿದ್ದ ಅವನ್ನು ನೋಡುತ್ತ ರಾಯರು ಅರಿವಿಲ್ಲದೆ ಚಪ್ಪಲಿ ಬಿಟ್ಟು ನಿಂತರು. ಪಕ್ಕದಲ್ಲಿದ್ದ ಸಿಖ್ಖರೊಬ್ಬರು ಅದನ್ನು ಗಮನಿಸಿ ನಗಲಿಲ್ಲ. ತಮ್ಮ ಭೂತಗನ್ನಡಿಯನ್ನು ಅವರ ಕೈಗೆ ಕೊಟ್ಟರು. ಅವರು ಹಾಕಿ ಚೀಟಿಗಳನ್ನು ಸೇರಿಸುವವರು. ಒಬ್ಬರಿಗೆ ಕನ್ನಡ, ತೆಲುಗು. ಇನ್ನೊಬ್ಬರಿಗೆ ಪಂಜಾಬಿ, ಹಿಂದಿ. ಆದರೂ ಅರ್ಧ ಗಂಟೆಯಲ್ಲಿ ಏಳು ಚೀಟಿ ಆ ಕಡೆ, ಆರು ಚೀಟಿ ಈ ಕಡೆ ಹೋದವು. ಉಳಿದ ಒಂದಕ್ಕೆ ಚಹಾ.

ಮಧ್ಯಾಹ್ನ ವ್ಯಾಪಾರಿಗಳ ಮಳಿಗೆಗೆ ಹೋದೆವು. ಒಬ್ಬರು ಎರಡೂ ಆಲ್ಬಮ್ಮುಗಳನ್ನು ಮರ್ಯಾದೆಯಿಂದಲೇ ತಿರುವಿ ಹಾಕಿ, ಉಳಿದ ಒಂಬತ್ತರಲ್ಲಿ ಏನಿದೆ ಎಂದು ಕೇಳಿ ತಿಳಿದು, ಎಲ್ಲಕ್ಕೂ ಸೇರಿ ನಾಲ್ಕು ಸಾವಿರ ಎಂದರು. ಲಕ್ಷಗಟ್ಟಲೆ ಅಚ್ಚಾದ ಚೀಟಿಗಳು. ರಾಯರಂತೆಯೇ ದೇಶದ ತುಂಬ ಜನ ಕೊಂಡು ಜೋಪಾನವಾಗಿಟ್ಟಿದ್ದಾರೆ. ಯಾರಿಗೆ ಮಾರಲಿ, ಎಂದು ಕೇಳಿದರು. ಆ ಮನುಷ್ಯ ಮೋಸ ಮಾಡುತ್ತಿರಲಿಲ್ಲ. ಅಮೆರಿಕದ ಕಾರ್ಡುಗಳ ಲೆಕ್ಕವೇ ಇಲ್ಲೂ. ನಮ್ಮ ಕಡೆಯ ಜಿರಲೆಗಳು ತಿಂದ ಬಿಗ್ ಫನ್ ಚೀಟಿ ಒಂದು ಕಟ್ಟು ಸಿಕ್ಕಿದ್ದರೆ ಅದಕ್ಕೇ ಹೆಚ್ಚು ಗಿರಾಕಿಗಳಿರುತ್ತಿದ್ದರೋ ಏನೋ. ರಾಯರು ಆಲ್ಬಮ್ ಮುಚ್ಚಿದರು. ನಲವತ್ತು ವರ್ಷದಲ್ಲಿ ಚೀಟಿಗೆ ಹಾಕಿದ ಹಣವನ್ನು ಬ್ಯಾಂಕಿಗೆ ಹಾಕಿದ್ದರೆ ಎಂಬ ಲೆಕ್ಕ ಅವರ ಮುಖದಲ್ಲಿ ಓಡುತ್ತಿದ್ದುದು ನನಗೆ ಕಾಣುತ್ತಿತ್ತು. ಎಷ್ಟಾದರೂ ಗಲ್ಲಾದ ಮೇಲೆ ಕುಳಿತವರು.

ಎದ್ದು ಬರುವಾಗ ಪಕ್ಕದ ಮಳಿಗೆಯ ರಟ್ಟಿನ ಪೆಟ್ಟಿಗೆಯೊಂದರಲ್ಲಿ ಅವರ ಸೊಟ್ಟ ಬೆರಳು ಸುಮ್ಮನೆ ಆಡುತ್ತಿತ್ತು. ಇದ್ದಕ್ಕಿದ್ದಂತೆ ನಿಂತಿತು. ಆಫ್ರಿಕದ ಪಶ್ಚಿಮಕ್ಕಿರುವ ಕೇಪ್ ವರ್ದೆ ದ್ವೀಪಗಳ 1962ರ ಚೀಟಿ. ಆಗ ಅದು ಪೋರ್ಚುಗೀಸರ ವಸಾಹತು. ಪೋರ್ಚುಗೀಸರಿಗೆ ಕ್ರಿಕೆಟ್ ಗೊತ್ತಿಲ್ಲ, ಆ ದ್ವೀಪದವರಿಗೂ ಫುಟ್‌ಬಾಲೇ ಪ್ರಾಣ. ಆದರೂ ಜಗತ್ತಿನಲ್ಲಿ ಕ್ರಿಕೆಟ್ ಆಟದ ಚಿತ್ರವಿರುವ ಮೊದಲನೆಯ ಚೀಟಿ ಎಂದು ಸಂಗ್ರಾಹಕರೆಲ್ಲ ಎಣಿಸುವುದು ಅದನ್ನೇ. ರಾಯರು ಇಪ್ಪತ್ತು ವರ್ಷದಿಂದ ಅದಕ್ಕಾಗಿ ಒಂದು ಚೌಕವನ್ನು ಖಾಲಿ ಬಿಟ್ಟಿದ್ದರು. ಇನ್ನೂರೈವತ್ತು ರೂಪಾಯಿ. ಜೀವನದಲ್ಲಿ ಚೌಕಾಸಿ ಮಾಡದೆ ಕೊತ್ತಂಬರಿ ಸೊಪ್ಪನ್ನೂ ಕೊಳ್ಳದ ಮನುಷ್ಯ ಕೇಳಿದಷ್ಟನ್ನೂ ಎಣಿಸಿ ಕೊಟ್ಟರು. ಮಾರಲು ಬಂದವರು ಕೊಂಡು ಹೊರಟದ್ದು ಹೀಗೆ. ಹೊರಗೆ ಬಿಸಿಲಿನಲ್ಲಿ ಕಲ್ಲಿನ ಮೇಲೆ ಕುಳಿತು, ಆ ಚೌಕದಲ್ಲಿ ಅದನ್ನು ಕೂರಿಸಿ, "ಇನ್ನು ಇದನ್ನು ಮಾರುವ ಹಾಗಿಲ್ಲ ಮಾರಾಯ್ರೆ, ಈಗಷ್ಟೇ ಪೂರ್ತಿ ಆದದ್ದು," ಎಂದರು.

ಆ ಪ್ರದರ್ಶನದಲ್ಲಿಯೇ ಅಂಚೆ ಇಲಾಖೆಯವರು 'ಮೈ ಸ್ಟ್ಯಾಂಪ್' ಎಂಬ ಹೊಸ ಯೋಜನೆಯನ್ನು ಆರಂಭಿಸಿದ್ದರು. ಹಣ ಕಟ್ಟಿದರೆ ಫೋಟೋ ತೆಗೆದು, ಐದು ರೂಪಾಯಿಯ ಚೀಟಿಯ ಜೊತೆ ನಮ್ಮದೇ ಮುಖವನ್ನು ಅಚ್ಚು ಹಾಕಿದ ಒಂದು ಹಾಳೆ ಕೊಡುತ್ತಾರೆ. ರಾಯರು ಬೇಡ ಬೇಡ ಎನ್ನುತ್ತಲೇ ಕೂದಲು ಬಾಚಿಕೊಂಡರು. ಮಫ್ಲರು ತೆಗೆಯಲು ಮರೆತರು. ಹಾಳೆ ಕೈಗೆ ಬಂದಾಗ, "ನಾಯುಡು, ಮರ್ಚೆಂಟ್, ಮಂಕಡ್, ದೇವಧರ್, ಐದನೆಯವರು ನೀವು," ಎಂದೆ. "ವಿಕೆಟ್ ಕೀಪರ್ ಬೇಕಲ್ಲ ಅವರಿಗೆ," ಎಂದರು. ಅದರಲ್ಲಿ ಎರಡನ್ನು ಹರಿದು ನನಗೆ ಕೊಟ್ಟರು. ನಾವು ಮರಳಿ ಬರುವಷ್ಟರಲ್ಲಿ ಆ ವರ್ಷದ ವಿಶ್ವಕಪ್ ಆರಂಭವಾಗಿತ್ತು.

ಹೋಟೆಲು ಮುಚ್ಚಿತು. ರಾಯರು ಬೆಂಗಳೂರಿಗೆ ಹೋಗುವ ಮುನ್ನ ಹನ್ನೊಂದೂ ಆಲ್ಬಮ್ಮುಗಳನ್ನು ಅಕ್ಕಿಯ ಚೀಲದಲ್ಲಿ ಹೊಲಿದು ವಿಶಾಖಪಟ್ಟಣಕ್ಕೆ, ನನ್ನ ಮನೆಗೆ, ಪಾರ್ಸೆಲ್ ಮಾಡಿದರು. ಸಮುದ್ರದ ಗಾಳಿಗೆ ಹಾಳೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳಿ ಎಂದು ತಿಂಗಳಿಗೊಮ್ಮೆ ಫೋನು. 2019ರಲ್ಲಿ ಅವರು ತೀರಿಕೊಂಡರು. ಕೆಲವು ದಿನಗಳ ಮೇಲೆ ಅವರ ಮಗ ಕರೆ ಮಾಡಿ, ಆಲ್ಬಮ್ಮುಗಳಿಗೆ ಏನಾದರೂ ಬೆಲೆ ಉಂಟೇ ಎಂದು ಸಂಕೋಚದಿಂದ ಕೇಳಿದರು. ದೆಹಲಿಯಲ್ಲಿ ಕೇಳಿದ ಮೊತ್ತವನ್ನು ಹೇಳಿದೆ; ಬೇಕಾದರೆ ಎಲ್ಲವನ್ನೂ ಕಳುಹಿಸುತ್ತೇನೆ ಎಂದೂ ಹೇಳಿದೆ. ಅವರು ತುಸು ಸುಮ್ಮನಿದ್ದು, "ಬೇಡ, ನಿಮ್ಮಲ್ಲೇ ಇರಲಿ. ಅದರಲ್ಲಿ ವೈಜಾಗ್ ಮ್ಯಾಚಿನ ಟಿಕೆಟ್ ಇರಬೇಕು, ಎರಡು. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗೇಟು ದಾಟಿಸಿದ್ದರು. ಅವೆರಡು ಕಳಿಸುತ್ತೀರಾ?" ಎಂದರು.

ಮರುದಿನ ರಿಜಿಸ್ಟರ್ಡ್ ಅಂಚೆಗೆ ಲಕೋಟೆ ಸಿದ್ಧಮಾಡಿದೆ. ರಾಯರ ಮುಖವಿದ್ದ ಎರಡು ಚೀಟಿಗಳಲ್ಲಿ ಒಂದನ್ನು ಇಟ್ಟುಕೊಂಡು, ಇನ್ನೊಂದನ್ನು ಹಚ್ಚಿದೆ. ಸಾಲದ ಮೊತ್ತಕ್ಕೆ ಅವರ ಹಾಳೆಯಿಂದಲೇ ಎರಡೆರಡು ರೂಪಾಯಿಯ ನಾಯುಡು, ಮರ್ಚೆಂಟರನ್ನು ಸಾಲಾಗಿ ಅಂಟಿಸಿದೆ. ಕೌಂಟರಿನ ಹುಡುಗಿ ಮುದ್ರೆ ಎತ್ತಿದವಳು ಮಫ್ಲರಿನ ಮುಖವನ್ನು ನೋಡಿ ತಡೆದಳು. "ಎವರಂಡೀ ಈಯನ? ಕ್ರಿಕೆಟ್ ಪ್ಲೇಯರಾ?" ಎಂದು ಕೇಳಿದಳು.

"ಅವುನಮ್ಮಾ," ಎಂದೆ, "ವಿಕೆಟ್ ಕೀಪರ್."