ಚೀಲದೊಳಗಿನ ಗೋಲಿ

ಸರಸ್ವತಿಪುರಂನಂತಹ ಬಡಾವಣೆಯಲ್ಲಿ ಪಿಂಚಣಿ ಪಡೆದ ಗೃಹಸ್ಥನೊಬ್ಬನು ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ತಿರುಗಾಡಿದರೆ ಯಾರೂ ಏನೂ ಕೇಳುವುದಿಲ್ಲ. ಸಂಜೆ ಸಂಗೀತ ಕಚೇರಿಗೆ ಹೋದರೆ ಮೆಚ್ಚುತ್ತಾರೆ. ಇಸ್ಪೀಟು ಆಡಿದರೂ ಕ್ಷಮಿಸುತ್ತಾರೆ. ಆದರೆ ಆತನು ಭಾನುವಾರದ ದಿನ ಬಂದೂಕು ಹಿಡಿದು ಗುರಿ ಹೊಡೆಯಲು ಹೋಗುತ್ತಾನೆಂದು ತಿಳಿದರೆ, ಅಂಥವನನ್ನು ಸ್ವಲ್ಪ ದೂರದಿಂದಲೇ ಮಾತನಾಡಿಸುವುದು ವಾಡಿಕೆ. ನಾನು ಅಂಥವನು. ಈ ಹವ್ಯಾಸದಿಂದ ನನಗೆ ಒದಗಿದ ಒಂದು ಪ್ರಸಂಗವನ್ನು ಹೇಳಬೇಕೆಂದು ಬಹುದಿನದಿಂದ ಯೋಚಿಸುತ್ತಿದ್ದೆನು. ಹೇಳಲು ಸಂಕೋಚವಾಗುವ ಭಾಗವೊಂದು ಅದರಲ್ಲಿರುವುದರಿಂದ ಇಷ್ಟು ತಡವಾಯಿತು.

1977ರಲ್ಲಿ ಕಾಲೇಜಿನಲ್ಲಿದ್ದಾಗ ಎನ್.ಸಿ.ಸಿ. ಸೇರಿ, ಪಾಯಿಂಟ್ ಟೂ ಟೂ ರೈಫಲನ್ನು ಮೊದಲ ಸಲ ಭುಜಕ್ಕೊತ್ತಿ ನೆಲದ ಮೇಲೆ ಬೋರಲು ಮಲಗಿದೆನು. ಆ ದಿನ ನನ್ನ ಗುಂಡುಗಳಲ್ಲಿ ಒಂದೂ ಗುರಿಯ ಹತ್ತಿರ ಹೋಗಲಿಲ್ಲ. ಆದರೂ ಆ ಕ್ಷಣದ ಮೌನ ನನ್ನನ್ನು ಹಿಡಿದುಬಿಟ್ಟಿತು. ಜನರು ಬಂದೂಕೆಂದರೆ ಸದ್ದು ಎಂದು ತಿಳಿದಿದ್ದಾರೆ. ಹಾಗಲ್ಲ, ಸದ್ದಿಗೆ ಮುಂಚಿನ ನಿಶ್ಶಬ್ದವೇ ಅದರ ಸೊಗಸು. ಉಸಿರನ್ನು ಅರ್ಧ ಬಿಟ್ಟು ತಡೆದು, ಕಣ್ಣು, ಮುಂಗುರಿ, ದೂರದ ಕಪ್ಪು ಚುಕ್ಕೆ ಈ ಮೂರನ್ನೂ ಒಂದೇ ಗೆರೆಗೆ ತಂದು ನಿಲ್ಲಿಸಿದಾಗ, ಮನೆಯ ಸಾಲವೂ ಮೇಲಧಿಕಾರಿಯ ಮುಖವೂ ನೆನಪಿಗೆ ಬರುವುದಿಲ್ಲ. ನಮ್ಮ ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನದ ಪದಕ ಪಡೆದ ಹತ್ತು ಮೀಟರಿನ ಸ್ಪರ್ಧೆಯಲ್ಲಿ ಗುರಿಫಲಕದ ನಟ್ಟನಡುವಿನ ಬಿಂದುವಿನ ಅಗಲ ಅರ್ಧ ಮಿಲಿಮೀಟರು ಮಾತ್ರ. ಹತ್ತು ಮೀಟರು ದೂರದಿಂದ ಅದಕ್ಕೆ ಗುರಿಯಿಡಬೇಕೆಂದರೆ ಮನಸ್ಸು ಎಷ್ಟು ನಿಂತಿರಬೇಕೆಂಬುದನ್ನು ವಾಚಕರೇ ಊಹಿಸಬಹುದು. ನನಗೆ ಅಂತಹ ಸಿದ್ಧಿಯೇನೂ ಇಲ್ಲ. ಕೆಲಸದಿಂದ ನಿವೃತ್ತನಾದ ಮೇಲೆ ಒಂದು ರೈಫಲ್ ಕ್ಲಬ್ಬಿಗೆ ಸೇರಿ, ಅವರದೇ ಬಂದೂಕಿನಿಂದ ವಾರಕ್ಕೊಮ್ಮೆ ನಾಲ್ವತ್ತು ಗುಂಡು ಹಾರಿಸಿ ಬರುವವನು, ಅಷ್ಟೆ.

ಕ್ಲಬ್ಬಿನ ಕಾರ್ಯದರ್ಶಿಗಳು ಸೈನ್ಯದಿಂದ ನಿವೃತ್ತರಾದ ಸುಬೇದಾರರು. ಅವರದು ಬಹಳ ಬಿಗಿಯಾದ ಲೆಕ್ಕ. ಎಣಿಸಿ ಕೊಟ್ಟಷ್ಟು ತೋಟಾಗಳಿಗೆ ಅಷ್ಟೇ ಖಾಲಿ ಹಿತ್ತಾಳೆ ಕೊಳವೆಗಳನ್ನು ಎಣಿಸಿ ಹಿಂದಕ್ಕೆ ತೆಗೆದುಕೊಂಡು, ದಪ್ಪ ಪುಸ್ತಕದಲ್ಲಿ ಬರೆದು, ಸಹಿ ಹಾಕಿಸಿಕೊಳ್ಳದೆ ಯಾರನ್ನೂ ಬಿಡುವವರಲ್ಲ. 2022ರ ಶ್ರಾವಣ ಮಾಸದ ಒಂದು ಭಾನುವಾರ ನನ್ನ ಕೊನೆಯ ತೋಟಾ ಸಿಡಿಯಲಿಲ್ಲ. ಈ ಜಾತಿಯ ತೋಟಾದಲ್ಲಿ ಕಿಡಿಮದ್ದು ತಳದ ಅಂಚಿನೊಳಗೆ ತುಂಬಿರುತ್ತದೆ. ಬಂದೂಕಿನ ಸೂಜಿ ಆ ಅಂಚಿಗೆ ಬಡಿದರೆ ಹೊತ್ತಿಕೊಳ್ಳಬೇಕು. ಒಮ್ಮೊಮ್ಮೆ ಆ ಜಾಗದಲ್ಲಿ ಮದ್ದು ತೆಳುವಾಗಿದ್ದರೆ ಪೆಟ್ಟು ಬಿದ್ದರೂ ಹೊತ್ತುವುದಿಲ್ಲ. ಅಂತಹ ಸಮಯದಲ್ಲಿ ಬಂದೂಕಿನ ಬಾಯನ್ನು ಗುರಿಯ ಕಡೆಗೇ ಹಿಡಿದು ಕಾಯಬೇಕು, ತಡವಾಗಿ ಸಿಡಿದರೂ ಸಿಡಿಯಬಹುದು. ನಾನು ಶಾಸ್ತ್ರೋಕ್ತವಾಗಿ ಕಾದೆನು. ತೋಟಾವನ್ನು ಹೊರಗೆ ತೆಗೆದೆನು. ಕಾರ್ಯದರ್ಶಿಗಳಿಗೆ ಒಪ್ಪಿಸೋಣವೆಂದು ಪಕ್ಕದಲ್ಲಿದ್ದ ಕ್ಯಾನ್ವಾಸು ಚೀಲದ ಹೊರಜೇಬಿಗೆ ಹಾಕಿದೆನು. ಅಷ್ಟರಲ್ಲಿ ಮಳೆ ಬಂದಿತು. ಎಲ್ಲರೂ ಬಂದೂಕುಗಳನ್ನು ಎತ್ತಿಕೊಂಡು ಛಾವಣಿಯ ಕೆಳಗೆ ಓಡಿದೆವು. ಮಳೆ ನಿಂತ ಮೇಲೆ ನಾನು ಮನೆಗೆ ಬಂದೆನು. ಒಂದು ಅಂಗುಲ ಉದ್ದ, ಮೂರು ಗ್ರಾಂಗಿಂತ ತುಸು ಹೆಚ್ಚು ತೂಕ. ಅದನ್ನು ಹೊತ್ತು ತಂದದ್ದು ಭುಜಕ್ಕೆ ತಿಳಿಯಲೇ ಇಲ್ಲ.

ಆ ಚೀಲದ ವಿಷಯವಾಗಿ ಒಂದು ಮಾತು. ಅದು ಭಾನುವಾರ ಬಂದೂಕಿನ ಚೀಲ, ಮಿಕ್ಕ ದಿನ ತರಕಾರಿಯ ಚೀಲ, ಪ್ರಯಾಣದಲ್ಲಿ ಕೈಚೀಲ. ಬೇರೆ ಚೀಲವೊಂದನ್ನು ಕೊಳ್ಳಿರೆಂದು ನನ್ನ ಹೆಂಡತಿ ಎರಡು ವರ್ಷಗಳಿಂದ ಹೇಳುತ್ತಿದ್ದಳು. ಗಟ್ಟಿಯಾದ ಚೀಲವಿರುವಾಗ ಇನ್ನೊಂದೇಕೆಂದು ನಾನು ಗೃಹಕೃತ್ಯದಲ್ಲಿ ಮಿತವ್ಯಯದ ಪಾಠ ಹೇಳುತ್ತಿದ್ದೆನು.

ಆ ವಾರವೇ ಪುಣೆಯಲ್ಲಿ ನಮ್ಮ ಮೊಮ್ಮಗಳ ನಾಮಕರಣ. ವಿಮಾನದಲ್ಲಿ ಹೊರಟೆವು. ಯಾವ ನಿಲ್ದಾಣವೆಂದು ಬರೆಯುವುದಿಲ್ಲ. ತಪ್ಪು ನನ್ನದಾಗಿರುವಾಗ ನಿಲ್ದಾಣದ ಹೆಸರೇಕೆ? ನಡುರಾತ್ರಿಯಲ್ಲಿ ಮನೆ ಬಿಟ್ಟು, ಬೆಳಗಿನ ಜಾವಕ್ಕೆ ಅಲ್ಲಿಗೆ ತಲುಪಿ, ತಪಾಸಣೆಯ ಸಾಲಿನಲ್ಲಿ ನಿಂತೆವು. ಚೀಲದೊಳಗೆ ರವೆ ಉಂಡೆಯ ಡಬ್ಬ, ಮಗುವಿಗೆ ಹೊಲಿಸಿದ ಕುಲಾವಿ, ನನ್ನ ರಕ್ತದೊತ್ತಡದ ಮಾತ್ರೆಗಳು. ಕಟ್ಟಿದವಳು ನನ್ನ ಹೆಂಡತಿ.

ಈ ತಪಾಸಣೆಯನ್ನು ಕುರಿತು ಗೊಣಗುವವರೇ ಹೆಚ್ಚು. ನಾನು ಗೊಣಗುವವನಲ್ಲ. 1985ರ ಜೂನ್ 23ರಂದು ಕನಿಷ್ಕ ವಿಮಾನವು ಅಟ್ಲಾಂಟಿಕ್ ಸಾಗರದ ಮೇಲೆ ಸಿಡಿದು 329 ಜನ ಸತ್ತದ್ದು ಒಂದು ಪೆಟ್ಟಿಗೆಯಿಂದ. 1999ರ ಡಿಸೆಂಬರಿನಲ್ಲಿ ಕಾಠ್ಮಂಡುವಿನಿಂದ ಹೊರಟ ವಿಮಾನವನ್ನು ಕಂದಹಾರಕ್ಕೆ ಅಪಹರಿಸಿದ ಮೇಲೆ, 2000ದಿಂದ ನಮ್ಮ ನಿಲ್ದಾಣಗಳ ಕಾವಲು ಒಂದೊಂದಾಗಿ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಕೈಗೆ ಬಂದಿತು. ಅಲ್ಲಿ ಎಕ್ಸರೇ ಯಂತ್ರದ ತೆರೆಯ ಮೇಲೆ ತಿನಿಸು, ಬಟ್ಟೆ, ಕಾಗದಗಳು ಕಿತ್ತಳೆ ಬಣ್ಣದಲ್ಲಿಯೂ ಲೋಹವು ನೀಲಿಯಲ್ಲಿಯೂ ಕಾಣುತ್ತವೆ. ಕಿತ್ತಳೆ ಬಣ್ಣದ ಉಂಡೆಗಳ ಪಕ್ಕದಲ್ಲಿ ಕಡುನೀಲಿಯ ಒಂದು ಸಣ್ಣ ಗುರುತು ಕಂಡಿತೆಂದು ತೋರುತ್ತದೆ. ಚೀಲವನ್ನು ಹಿಂದಕ್ಕೆ ತೆಗೆದುಕೊಂಡರು, ಮತ್ತೊಮ್ಮೆ ಬಿಟ್ಟರು, ಓರೆಯಾಗಿಟ್ಟು ಮೂರನೆಯ ಸಲವೂ ಬಿಟ್ಟರು.

ಪಡೆಯ ಯುವಕನೊಬ್ಬನು, ನಮ್ಮ ಮಗನ ವಯಸ್ಸಿನವನು, ಬಹಳ ಮರ್ಯಾದೆಯಿಂದ, “ಯೇ ಬ್ಯಾಗ್ ಕಿಸ್‌ಕಾ ಹೈ?” ಎಂದು ಕೇಳಿದನು.

ನನ್ನ ಹೆಂಡತಿ ಚಿಕ್ಕಂದಿನಲ್ಲಿ ಹಿಂದೀ ಪರೀಕ್ಷೆಗಳಿಗೆ ಕಟ್ಟಿದವಳು. ಆ ವಿದ್ಯೆಗೆ ಕೆಲಸ ದೊರೆತ ಸಂತೋಷದಿಂದ ಕೂಡಲೇ, “ಮೇರಾ ಹೈ ಜೀ” ಎಂದಳು.

“ಮಾತಾಜೀ, ಇಸ್‌ಮೇ ಗೋಲಿ ಹೈ?”

“ಹಾಂ ಜೀ, ಗೋಲಿ ಹೈ. ಸುಬಹ್ ಏಕ್, ಶಾಮ್ ಏಕ್.”

ಹಿಂದಿಯಲ್ಲಿ ಮಾತ್ರೆಗೂ ಗೋಲಿಯೇ, ಬಂದೂಕಿನ ಗುಂಡಿಗೂ ಗೋಲಿಯೇ. ಸಾಲಿನಲ್ಲಿ ಹಿಂದೆ ನಿಂತಿದ್ದವರು ನಕ್ಕರು. ಆ ಯುವಕನು ನಗಲಿಲ್ಲ. ಅವನ ಮುಖವನ್ನು ಕಂಡ ಕೂಡಲೇ ನನಗೆ ಭಾನುವಾರದ ಮಳೆ ನೆನಪಾಯಿತು. ಎಡಗೈಯಿಂದ ಜೇಬಿಗೆ ಹಾಕಿದ್ದು ನೆನಪಾಯಿತು.

ಸಂಕೋಚದ ಭಾಗವೆಂದು ಮೊದಲು ಹೇಳಿದೆನಲ್ಲ, ಅದು ಇದೇ. ನನಗೆ ಎಲ್ಲವೂ ತಿಳಿಯಿತು. ಆದರೂ ನಾನು ಸುಮ್ಮನೆ ನಿಂತೆನು. ಆಕೆ “ನನ್ನದು” ಎಂದು ಹೇಳಿಬಿಟ್ಟಿದ್ದಾಳೆ, ವಯಸ್ಸಾದ ಹೆಂಗಸು, ಕೈಯಲ್ಲಿ ಉಂಡೆಯ ಡಬ್ಬ, ಆಕೆಯನ್ನು ಯಾರು ತಾನೆ ಅನುಮಾನಿಸುವರು, ಏನೋ ಮಕ್ಕಳಾಟದ ಸಾಮಾನೆಂದು ಬಿಟ್ಟುಬಿಡಬಹುದು ಎಂಬ ಲೆಕ್ಕವೊಂದು ನನ್ನ ತಲೆಯೊಳಗೆ ಸರಸರನೆ ನಡೆಯಿತು. ಅರ್ಧ ಉಸಿರು ಬಿಟ್ಟು ತಡೆದು ನಿಲ್ಲುವ ಅಭ್ಯಾಸ ಅಷ್ಟು ಚೆನ್ನಾಗಿ ಅದಕ್ಕೂ ಉಪಯೋಗಕ್ಕೆ ಬಂದಿತು! ಯುವಕನು ಹೊರಜೇಬಿಗೆ ಕೈಹಾಕಿ, ತೋಟಾವನ್ನು ಎರಡು ಬೆರಳಿನಲ್ಲಿ ಹಿಡಿದು ಮೇಜಿನ ಮೇಲಿಟ್ಟನು. ನನ್ನ ಹೆಂಡತಿ ಅದನ್ನು ನೋಡಿದಳು. ಅನಂತರ ನನ್ನನ್ನು ನೋಡಿದಳು. ಏನೂ ಹೇಳಲಿಲ್ಲ.

ಆಗ ನಾನು, “ಚೀಲ ನನ್ನದು, ಅದೂ ನನ್ನದು. ಈಕೆಗೆ ಏನೂ ತಿಳಿಯದು” ಎಂದೆನು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಚೀಲದ ಒಳಮೈಯನ್ನು ಬಟ್ಟೆಯ ಪಟ್ಟಿಯಿಂದ ಒರೆಸಿ ಇನ್ನೊಂದು ಯಂತ್ರಕ್ಕೆ ಕೊಟ್ಟರು. ಸಿಡಿಮದ್ದಿನ ಕಣ್ಣಿಗೆ ಕಾಣದಷ್ಟು ಅಂಶವಿದ್ದರೂ ಅದು ಕೂಗುತ್ತದೆ. ಕೂಗಿತು. ಎಷ್ಟೋ ಭಾನುವಾರಗಳ ಧೂಳು ಆ ಚೀಲದಲ್ಲಿತ್ತಷ್ಟೆ! ವಿಮಾನ ಹೊರಡಲು ಐವತ್ತು ನಿಮಿಷವಿತ್ತು. ಅಧಿಕಾರಿಗಳು ನನ್ನ ಹೆಂಡತಿಯನ್ನು ಹೋಗಬಹುದೆಂದರು. ಆಕೆ ಡಬ್ಬವನ್ನೂ ಕುಲಾವಿಯನ್ನೂ ಸೆರಗಿನಲ್ಲಿ ಹಿಡಿದುಕೊಂಡು, ಮಾತ್ರೆಗಳನ್ನು ನನ್ನ ಕೈಗೆ ಕೊಟ್ಟು, “ಸಂಜೆಯದನ್ನು ಮರೆಯಬೇಡಿ. ಮಗುವಿನ ಹೆಸರು ಕೂಗುವ ಹೊತ್ತಿಗೆ ನಾನಾದರೂ ಇರಬೇಕು” ಎಂದು ಹೇಳಿ ಹೊರಟಳು. ಆಕೆ ಒಬ್ಬಳೇ ವಿಮಾನ ಹತ್ತಿದ್ದು ಅದೇ ಮೊದಲು. ನಾನು ಪೊಲೀಸ್ ಠಾಣೆಯಲ್ಲಿ ಹೇಳಿಕೆ ಬರೆದು ಕೊಟ್ಟು, ಜಾಮೀನಿನ ಮೇಲೆ ರಾತ್ರಿ ಮೈಸೂರಿಗೆ ಹಿಂತಿರುಗಿದೆನು. ಹೆಸರಿಟ್ಟದ್ದನ್ನು ಅಳಿಯನು ದೂರವಾಣಿಯ ಚಿತ್ರದಲ್ಲಿ ತೋರಿಸಿದನು, ಮಗು ಮಲಗಿತ್ತು.

ಕಾನೂನು ಹೀಗಿದೆ. ಕ್ಲಬ್ಬಿನ ಬಂದೂಕು, ಕ್ಲಬ್ಬಿನ ತೋಟಾ ಇವುಗಳಿಂದ ಅಭ್ಯಾಸಕ್ಕಾಗಿ ಅಲ್ಲಿ ಗುರಿ ಹೊಡೆಯಬಹುದು. ಆದರೆ ಲೈಸೆನ್ಸ್ ಇಲ್ಲದೆ ಒಂದು ತೋಟಾವನ್ನೂ ಜೇಬಿನಲ್ಲಿಟ್ಟುಕೊಂಡು ತಿರುಗುವಂತಿಲ್ಲ. 1959ರ ಆಯುಧ ಕಾಯಿದೆಯ 25ನೆಯ ವಿಧಿಯಂತೆ ಅದು ಅಪರಾಧ. ಸಿಡಿಯಲಾರದ ತೋಟಾವೆಂಬ ಸಮಜಾಯಿಷಿ ಮೇಜಿನ ಬಳಿ ನಡೆಯುವುದಿಲ್ಲ. ಲೈಸೆನ್ಸ್ ಉಳ್ಳವರು ಸಹ ಬಂದೂಕನ್ನು ಬರಿದುಮಾಡಿ, ವಿಮಾನದವರಿಗೆ ಮೊದಲೇ ತಿಳಿಸಿ, ಪೆಟ್ಟಿಗೆಯಲ್ಲಿ ಬೀಗ ಹಾಕಿ ಸರಕಿನೊಡನೆ ಕಳುಹಿಸಬೇಕೇ ಹೊರತು ಕೈಚೀಲದಲ್ಲಿ ಏನೂ ಕೂಡದು. ಖಾಲಿ ಕೊಳವೆ ಕೂಡ ಬೇಡ. ಮಕ್ಕಳು ಎನ್.ಸಿ.ಸಿ. ಶಿಬಿರಕ್ಕೆ ಒಯ್ದ ಚೀಲಗಳನ್ನೇ ಪ್ರಯಾಣಕ್ಕೆ ತೆಗೆಯುವ ಮನೆಗಳಲ್ಲಿ ಜೇಬುಗಳನ್ನು ತಿರುವಿ ನೋಡುವುದು ಕ್ಷೇಮ. ನೆನಪಿಗೆಂದು ಒಂದನ್ನು ಎತ್ತಿಟ್ಟುಕೊಳ್ಳುವ ಹುಡುಗರು ನಮ್ಮ ಕಾಲದಲ್ಲಿಯೂ ಇದ್ದರು.

ಎದುರುಮನೆಯ ಹಿರಿಯರು ಕೊಡಗಿನವರು. ಸುದ್ದಿ ತಿಳಿದು, ತಮ್ಮ ತೋಟದ ಕಾಫಿಪುಡಿಯ ಪೊಟ್ಟಣವನ್ನು ಹಿಡಿದುಕೊಂಡು ಬಂದರು. ಅವರ ಕಡೆ ಮನೆಯಲ್ಲಿ ಗಂಡು ಕೂಸು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಸಂಪ್ರದಾಯ. ಕೈಲ್‌ಪೊಳ್ದ್ ಹಬ್ಬದಲ್ಲಿ ಬಂದೂಕಿಗೆ ಹೂವಿಟ್ಟು ಪೂಜಿಸಿ, ಅನಂತರ ತೆಂಗಿನಕಾಯಿಗೆ ಗುರಿ ಹೊಡೆಯುತ್ತಾರೆ. ಬಂದೂಕಿನ ಲೈಸೆನ್ಸಿನಿಂದ ಕೊಡವರಿಗೂ ಜಮ್ಮಾ ಭೂಮಿಯವರಿಗೂ ಇಂಗ್ಲಿಷರ ಕಾಲದಿಂದ ವಿನಾಯಿತಿಯುಂಟು. 2019ರಲ್ಲಿ ಸರಕಾರವು ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟು ಎತ್ತಿಹಿಡಿಯಿತು. “ಹಾಗಿದ್ದರೂ ಮಾರಾಯರೇ, ನಾನು ಊರಿನಿಂದ ಮೈಸೂರಿಗೆ ಹೊರಟರೆ ಕೋಟಿನ ಜೇಬನ್ನೆಲ್ಲ ಅಂಗಳದಲ್ಲಿ ಒದರಿಯೇ ಕಾರು ಹತ್ತುವುದು. ಅಪ್ಪ ಕಲಿಸಿದ್ದು” ಎಂದರು. ಎಪ್ಪತ್ತೆಂಟು ವರ್ಷದ ಅವರಿಗೆ ಇರುವ ಈ ಶಿಸ್ತು, ಶಾಸ್ತ್ರೋಕ್ತವಾಗಿ ಅರ್ಧ ನಿಮಿಷ ಕಾದ ನನಗಿಲ್ಲದೆ ಹೋಯಿತು.

ನನ್ನನ್ನು ಉಳಿಸಿದ್ದು ಸುಬೇದಾರರ ಪುಸ್ತಕ. ಆ ಭಾನುವಾರದ ಪುಟದಲ್ಲಿ ನನ್ನ ಹೆಸರಿನ ಎದುರಿಗೆ, “ಕೊಟ್ಟದ್ದು 40, ಖಾಲಿ ಬಂದದ್ದು 39, ಒಂದು ಸಿಡಿಯಲಿಲ್ಲ, ಮುಂದಿನ ವಾರ ಕೇಳುವುದು” ಎಂದು ಪೆನ್ಸಿಲಿನಲ್ಲಿ ಬರೆದಿತ್ತು. ತೋಟಾದ ಅಂಚಿನಲ್ಲಿ ಸೂಜಿಯ ಪೆಟ್ಟಿನ ಗುರುತೂ ಇತ್ತು. ವಕೀಲರು ಈ ಎರಡನ್ನೂ ಹಿಡಿದು ಹೈಕೋರ್ಟಿಗೆ ಅರ್ಜಿ ಹಾಕಿದರು. ಗುಣವಂತಲಾಲ್ ಎಂಬುವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1972ರಲ್ಲಿಯೇ, ಆಯುಧವು ತನ್ನಲ್ಲಿದೆಯೆಂಬ ಅರಿವಿದ್ದರೆ ಮಾತ್ರ ಅದು ಕಾಯಿದೆಯ ಅರ್ಥದಲ್ಲಿ ಸ್ವಾಧೀನವೆನಿಸುತ್ತದೆಂದು ಹೇಳಿದೆಯಂತೆ. ಮರೆತು ಚೀಲದಲ್ಲಿ ಉಳಿದ ಒಂಟಿ ತೋಟಾಗಳ ಮೊಕದ್ದಮೆಗಳು ಬೇರೆ ಬೇರೆ ಹೈಕೋರ್ಟುಗಳಲ್ಲಿ ಇದೇ ಆಧಾರದ ಮೇಲೆ ವಜಾ ಆಗಿವೆ. ನನ್ನದೂ ವಜಾ ಆಯಿತು. ಹದಿನಾಲ್ಕು ತಿಂಗಳು ಹಿಡಿಯಿತು. ಖರ್ಚಾದ ಹಣದಲ್ಲಿ ಚೀಲಗಳನ್ನು ಕೊಂಡಿದ್ದರೆ ನಮ್ಮ ಬೀದಿಗೆಲ್ಲ ಹಂಚಬಹುದಾಗಿತ್ತು.

ಆದೇಶದಲ್ಲಿ “ಅರ್ಜಿದಾರನಿಗೆ ಅರಿವಿರಲಿಲ್ಲ” ಎಂಬ ಮಾತನ್ನು ವಕೀಲರು ಓದಿ ಹೇಳಿದಾಗ ನನ್ನ ಹೆಂಡತಿಯೂ ಪಕ್ಕದಲ್ಲಿದ್ದಳು. ಮನೆಗೆ ಬಂದು, ಕಾಫಿ ತಂದಿಟ್ಟು, ಬಹಳ ದಿನದಿಂದ ಒಳಗಿಟ್ಟುಕೊಂಡಿದ್ದನ್ನು ಕೇಳಿದಳು.

“ಅಲ್ಲ, ನಾನು ಚೀಲ ನನ್ನದು ಅಂತ ಹೇಳಿದೆನಲ್ಲ, ಆಗ ನಿಮಗೆ ಗೊತ್ತಾಗಿತ್ತು ಅಲ್ಲವೆ?”

“ಆಗಲ್ಲ. ಗೋಲಿ ಎಂದಾಗ ಗೊತ್ತಾಯಿತು.”

“ಗೊತ್ತಾದಮೇಲೂ ಸ್ವಲ್ಪ ಹೊತ್ತು ಸುಮ್ಮನಿದ್ದಿರಿ.”

“ಇದ್ದೆ.”

ಆಕೆ ಲೋಟವನ್ನು ಎತ್ತಿಕೊಂಡು ಒಳಗೆ ಹೋದಳು. ಕೋಪಿಸಿಕೊಂಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಭಾನುವಾರಗಳಲ್ಲಿ ನಾನು ಈಗಲೂ ಗುರಿ ಹೊಡೆಯಲು ಹೋಗುತ್ತೇನೆ, ಬರಿಗೈಯಲ್ಲಿ. ಕ್ಲಬ್ಬಿನ ಬಾಗಿಲಲ್ಲಿ ಜೇಬುಗಳನ್ನು ಹೊರಕ್ಕೆ ತಿರುವಿ ಸುಬೇದಾರರಿಗೆ ತೋರಿಸಿ ಬರುತ್ತೇನೆ. ಪ್ರಯಾಣಕ್ಕೆಂದೇ ಹೊಸ ಚೀಲವೊಂದು ಮನೆಗೆ ಬಂದಿದೆ. ಕಳೆದ ವರ್ಷ ಮೊಮ್ಮಗಳ ಹುಟ್ಟುಹಬ್ಬಕ್ಕೆ ಹೊರಡುವ ಮುನ್ನಾದಿನ ನನ್ನ ಹೆಂಡತಿ ಅದನ್ನು ಮಂಚದ ಮೇಲಿಟ್ಟು, ಪ್ರತಿಯೊಂದು ಜೇಬಿಗೂ ಕೈಹಾಕಿ ನೋಡಿ, ನನ್ನ ಕಡೆಗೆ ತಿರುಗದೆಯೇ, “ಈ ಚೀಲ ಯಾರದು?” ಎಂದು ಕೇಳಿದಳು.

“ನನ್ನದು” ಎಂದೆನು.

ಆಮೇಲೆ ಉಂಡೆಯ ಡಬ್ಬವನ್ನು ಅದರೊಳಗಿಟ್ಟಳು.