ಮೌನಿಗಳು ಇಳಿಸಿದ ಹಸಿರು

ಹಸಿರು ಬಣ್ಣದ ಮದ್ಯವನ್ನು ನಮ್ಮೂರಿನವರು ನಂಬುವುದಿಲ್ಲ. ರಮ್ಮು ಕಂದಗಿರಬೇಕು, ಜಿನ್ನು ತಿಳಿಯಾಗಿರಬೇಕು. ಹಸಿರಾಗಿದ್ದರೆ ಅದು ತಲೆಗೆ ಹಚ್ಚುವ ಎಣ್ಣೆ, ಇಲ್ಲವೇ ಕೆಮ್ಮಿನ ಔಷಧ. ಸೇನೆಯಿಂದ ನಿವೃತ್ತರಾಗಿ ಮಡಿಕೇರಿ ಹತ್ತಿರ ಕಾಫಿ ತೋಟ ನೋಡಿಕೊಂಡಿರುವ ನನ್ನ ಮಾವ, ನಾನು ತಂದ ಶಾರ್ತ್ರೂಸ್ ಬಾಟಲಿಯ ಮುಚ್ಚಳ ತೆಗೆದು ಮೂಸಿ, "ಇದು ಕುಡಿಯೋದೋ, ಮಂಡಿಗೆ ತಿಕ್ಕೋದೋ?" ಎಂದು ಕೇಳಿದರು.

"ಮೊದಲು ಮದ್ದು ಅಂತಲೇ ಮಾಡಿದ್ದು ಮಾವ" ಎಂದೆ.

"ಮದ್ದಾದರೆ ಒಂದು ಚಮಚ ಸಾಕು. ಇಷ್ಟು ದೊಡ್ಡ ಬಾಟಲಿ ಯಾಕೆ?"

ಸಾಮಾನ್ಯವಾದ ಪ್ರಶ್ನೆಯಲ್ಲ ಅದು. ಆ ಮದ್ಯದ ನಾನೂರು ವರ್ಷದ ಕಥೆಯೆಲ್ಲ ಚಮಚದಿಂದ ಬಾಟಲಿಗೆ ಹೋದ ಕಥೆಯೇ.

ಶಾರ್ತ್ರೂಸ್‌ನ ರುಚಿ ನನಗೆ ಹತ್ತಿದ್ದು ಗ್ರೆನೋಬ್ಲ್‌ನಲ್ಲಿ. ಫ್ರಾನ್ಸಿನ ಆಲ್ಪ್ಸ್ ಪರ್ವತಗಳ ನಡುವಿನ ಆ ಊರಲ್ಲಿ ಚಿಪ್ ತಯಾರಿಸುವ ಕಂಪನಿಗಳಿವೆ. ಆ ಕೆಲಸದ ಮೇಲೆ ಹೋದ ಬೆಂಗಳೂರಿನವರೂ ಅಲ್ಲಲ್ಲಿ ಸಿಗುತ್ತಾರೆ. ರಜೆ ಬಂತೆಂದರೆ ಅವರೆಲ್ಲ ಪ್ಯಾರಿಸ್ಸಿಗೋ ಸ್ವಿಟ್ಜರ್ಲೆಂಡಿಗೋ ಹೊರಡುತ್ತಿದ್ದರು. ಕೊಡಗಿನವನಾದ ನನಗೆ ಊರಿನ ಉತ್ತರಕ್ಕಿದ್ದ ಶಾರ್ತ್ರೂಸ್ ಬೆಟ್ಟಸಾಲೇ ಸಾಕಾಗಿತ್ತು. ಮಂಜು, ಮಳೆ, ಕಾಡು, ತಿರುವು ದಾರಿ. ಜಿಗಣೆ ಮಾತ್ರ ಇಲ್ಲ.

ಕುಡಿಯುವ ಕ್ರಮವನ್ನು ಮೊದಲು ಹೇಳಿಬಿಡುತ್ತೇನೆ. ಹಸಿರು ಶಾರ್ತ್ರೂಸ್‌ನಲ್ಲಿ ಆಲ್ಕೋಹಾಲಿನ ಪ್ರಮಾಣ ಶೇ 55. ಆದ್ದರಿಂದ ಪೆಗ್ಗಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಚಿಕ್ಕ ಗ್ಲಾಸು, ಅದರಲ್ಲೂ ಅರ್ಧ. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿದ್ದರೆ ಒಳ್ಳೆಯದು. ಗ್ಲಾಸನ್ನು ಓರೆ ಮಾಡಿದರೆ ಸಕ್ಕರೆಯ ಭಾರಕ್ಕೆ ದ್ರವ ಅವಸರವಿಲ್ಲದೆ ಜಾರುತ್ತದೆ, ಗಾಜಿನ ಮೇಲೆ ತೆಳ್ಳಗೆ ಗೆರೆ ಎಳೆಯುತ್ತದೆ. ಮೂಗಿಗೆ ಮೊದಲು ಸಿಗುವುದು ಪುದೀನ, ಸೋಂಪು, ಪೈನ್ ಮರದ ಅಂಟು. ನಾಲಿಗೆಗೆ ಬಿದ್ದ ಕೂಡಲೇ ಸಿಹಿ. ಮಕ್ಕಳ ಪಾನಕವಿದ್ದಂತಿದೆಯಲ್ಲ ಅಂದುಕೊಳ್ಳುವಷ್ಟರಲ್ಲಿ ಉರಿ ಏಳುತ್ತದೆ. ಉರಿಯ ಹಿಂದೆಯೇ ಕಾಳುಮೆಣಸಿನಂಥದ್ದು, ಲವಂಗದಂಥದ್ದು, ಆಮೇಲೆ ಯಾವುದೋ ಬೇರಿನ ಕಹಿ. ನುಂಗಿದ ಮೇಲೆ ಗಂಟಲು ಬೆಚ್ಚಗೆ, ಬಾಯಿ ತಣ್ಣಗೆ. ಮುಗಿಯಿತೆಂದು ಗ್ಲಾಸು ಕೆಳಗಿಟ್ಟರೆ, ಅಷ್ಟು ಹೊತ್ತು ಎಲ್ಲೂ ಇರದಿದ್ದ ಒಂದು ಹೂವಿನ ವಾಸನೆ ಮೂಗಿನ ಹಿಂಭಾಗದಲ್ಲಿ ಹಾಜರಾಗುತ್ತದೆ. ನನಗೆ ಈ ಮದ್ಯದಲ್ಲಿ ಇಷ್ಟವಾದದ್ದು ಅಮಲಲ್ಲ. ಎಷ್ಟೆಷ್ಟು ಹೆಸರು ಹಿಡಿದು ಕರೆದರೂ ಪೂರ್ತಿ ಸಿಕ್ಕಿಬೀಳದ ಈ ಕಳ್ಳಾಟ.

ಇಷ್ಟೊಂದು ಮಾತಾಡುವ ಪಾನೀಯವನ್ನು ಮಾಡುವವರು ಮಾತೇ ಆಡದವರು. 1084ರಲ್ಲಿ ಬ್ರೂನೋ ಎಂಬ ಪಂಡಿತ ಆರು ಮಂದಿ ಸಂಗಾತಿಗಳೊಡನೆ ಏಕಾಂತ ಹುಡುಕಿಕೊಂಡು ಗ್ರೆನೋಬ್ಲ್‌ನ ಬಿಷಪ್ ಹ್ಯೂಗ್ ಅವರಲ್ಲಿಗೆ ಬಂದ. ಬಿಷಪ್ಪರಿಗೆ ಅದಕ್ಕೂ ಮೊದಲೇ ಕನಸಿನಲ್ಲಿ ಏಳು ನಕ್ಷತ್ರಗಳು ಕಂಡಿದ್ದವಂತೆ. ಅವರು ಈ ಏಳು ಜನರನ್ನು ಶಾರ್ತ್ರೂಸ್ ಬೆಟ್ಟಗಳ ನಡುವಿನ, ಚಳಿಗಾಲದಲ್ಲಿ ಹಿಮ ಮುಚ್ಚಿಕೊಳ್ಳುವ ಕಣಿವೆಗೆ ಕಳಿಸಿದರು. ಕಾರ್ಥೂಸಿಯನ್ ಪಂಥ ಹುಟ್ಟಿದ್ದು ಹೀಗೆ. 1132ರಲ್ಲಿ ಹಿಮಪಾತ ಆ ಮೊದಲ ಬಿಡಾರವನ್ನು ಅಪ್ಪಳಿಸಿತು. ಉಳಿದವರು ಕಣಿವೆಯಲ್ಲಿ ಸ್ವಲ್ಪ ಕೆಳಗೆ ಬಂದು ಮತ್ತೆ ಕಟ್ಟಿದರು. ಆ ಏಳು ನಕ್ಷತ್ರಗಳು, ಶಿಲುಬೆ ಹೊತ್ತ ಗೋಳದ ಸುತ್ತ, ಇವತ್ತಿಗೂ ಬಾಟಲಿಯ ಮೇಲೆ ಇವೆ.

ಅಲ್ಲಿನ ಬದುಕು ಕೇಳಿದರೆ ನಮ್ಮಂಥವರಿಗೆ ಒಂದು ವಾರವೂ ಕಷ್ಟ. ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಮನೆ, ಒಂದು ಅಂಗೈಯಗಲ ತೋಟ, ಸೌದೆ ಒಲೆ. ಊಟ ಗೋಡೆಯ ಕಿಂಡಿಯ ಮೂಲಕ ಬರುತ್ತದೆ. ಮಾಂಸ ನಿಷಿದ್ಧ. ನಡುರಾತ್ರಿಯಲ್ಲಿ ಎದ್ದು ಪ್ರಾರ್ಥನೆ, ಮತ್ತೆ ನಿದ್ದೆ. ವಾರಕ್ಕೊಮ್ಮೆ ಎಲ್ಲರೂ ಸೇರಿ ಕಾಡಿನಲ್ಲಿ ನಡೆಯುತ್ತಾರೆ, ಮಾತಿಗೆ ಅನುಮತಿ ಆಗ. ಸತ್ತರೆ ಸಮಾಧಿಯ ಶಿಲುಬೆಯ ಮೇಲೆ ಹೆಸರೂ ಇಲ್ಲ. ಜರ್ಮನಿಯ ಫಿಲಿಪ್ ಗ್ರೋನಿಂಗ್ ಇಲ್ಲಿ ಸಾಕ್ಷ್ಯಚಿತ್ರ ತೆಗೆಯಲು 1984ರಲ್ಲಿ ಅನುಮತಿ ಕೇಳಿದರು. ಹೂಂ ಎನ್ನುವುದಕ್ಕೆ ಮಠದವರು ಹದಿನಾರು ವರ್ಷ ತೆಗೆದುಕೊಂಡರು. ಪ್ರವಾಸಿಗರಿಗೆ ಮಠದೊಳಗೆ ಪ್ರವೇಶವಿಲ್ಲ. ಸ್ವಲ್ಪ ಕೆಳಗೆ ಒಂದು ಮ್ಯೂಸಿಯಂ ಮಾಡಿದ್ದಾರೆ, ಅಲ್ಲಿಗೆ ಹೋಗಿ ತೃಪ್ತಿಪಡಬೇಕು. ಕಾಡಿನ ದಾರಿಯಲ್ಲಿ ಏರಿದರೆ ಸ್ಲೇಟಿನ ಚೂಪು ಮಾಡುಗಳು ಮಾತ್ರ ಕಾಣುತ್ತವೆ.

ಮದ್ಯಕ್ಕೆ ಬರೋಣ. ಮಠದವರ ದಾಖಲೆಯ ಪ್ರಕಾರ 1605ರಲ್ಲಿ ಫ್ರಾಂಸ್ವಾ ಅನಿಬಾಲ್ ದೆಸ್ತ್ರೆ ಎಂಬ ಶ್ರೀಮಂತ ಮನೆತನದವನು ಪ್ಯಾರಿಸ್ಸಿನ ವೊವೇರ್‌ನಲ್ಲಿದ್ದ ಇದೇ ಪಂಥದ ಮಠಕ್ಕೆ ಒಂದು ಹಸ್ತಪ್ರತಿ ಕೊಟ್ಟ. ದೀರ್ಘಾಯುಷ್ಯದ ಕಷಾಯವೊಂದರ ವಿಧಾನ ಅದರಲ್ಲಿತ್ತು. ಕಷಾಯದ ಗುಣವೋ, ಹಣೆಬರಹವೋ, ಕೊಟ್ಟ ಪುಣ್ಯಾತ್ಮ ಮಾತ್ರ ತೊಂಬತ್ತು ದಾಟಿ ಬದುಕಿ 1670ರಲ್ಲಿ ತೀರಿಕೊಂಡ. ಪ್ಯಾರಿಸ್ಸಿನ ಸಂನ್ಯಾಸಿಗಳಿಗೆ ಆ ಬರಹ ಪೂರ್ತಿ ಬಗೆಹರಿಯಲಿಲ್ಲ. ನೂರು ವರ್ಷಕ್ಕೂ ಮೇಲೆ ಅದು ಬೆಟ್ಟದ ಮೇಲಿನ ಮೂಲ ಮಠಕ್ಕೆ ಬಂತು. ಅಲ್ಲಿನ ಔಷಧಶಾಲೆಯ ಬ್ರದರ್ ಜೆರೋಮ್ ಮೊಬೆಕ್ 1737ರಿಂದ ಅದರ ಗಂಟು ಬಿಡಿಸುತ್ತ ಕೂತರು. ಮುಗಿಸುವ ಮೊದಲೇ ಕಣ್ಣುಮುಚ್ಚಿದರು. ಅವರಿಂದ ವಿದ್ಯೆ ಪಡೆದ ಬ್ರದರ್ ಆಂತ್ವಾನ್ 1764ರಲ್ಲಿ ಕೆಲಸ ಮುಗಿಸಿದರು. ಬ್ರದರ್ ಶಾರ್ಲ್ ಎಂಬವರು ಸರಕನ್ನು ಹೇಸರಗತ್ತೆಯ ಮೇಲೆ ಹೇರಿಕೊಂಡು ಗ್ರೆನೋಬ್ಲ್, ಶಾಂಬೆರಿ ಪೇಟೆಗಳಿಗೆ ಇಳಿಯುತ್ತಿದ್ದರು.

ಆ ಮೂಲ ಕಷಾಯ ಎಲಿಕ್ಸಿರ್ ಎಂಬ ಹೆಸರಿನಲ್ಲಿ ಈಗಲೂ ಸಿಗುತ್ತದೆ: ಶೇ 69 ಆಲ್ಕೋಹಾಲು, ಬೆಳಕು ತಾಗದಂತೆ ಮರದ ಕೊಳವೆಯೊಳಗೆ ಕೂರಿಸಿದ ಪುಟ್ಟ ಬಾಟಲಿ. ಸಕ್ಕರೆ ಗಟ್ಟಿಯ ಮೇಲೆ ಕೆಲವು ತೊಟ್ಟು ಬಿಟ್ಟು ಬಾಯಿಗೆ ಹಾಕಿಕೊಳ್ಳುವುದು ರೂಢಿ. ನಾನಿದ್ದ ಬಾಡಿಗೆ ಮನೆಯ ಯಜಮಾನಿಗೆ ಅಜೀರ್ಣ, ಶೀತ, ಅಳಿಯನ ಭೇಟಿ, ಮೂರಕ್ಕೂ ಇದೇ ಮದ್ದು. ಮಾವ ಹೇಳಿದ ಚಮಚ ಇದು. ಜನಕ್ಕೆ ಮದ್ದೇ ರುಚಿಸಿ ಚಮಚ ಸಾಲದಾದಾಗ ಸ್ವಲ್ಪ ಸೌಮ್ಯವಾದ ಹಸಿರು ಬಂತು. 1840ರ ಆಸುಪಾಸಿನಲ್ಲಿ ಇನ್ನೂ ಮೆದುವಾದ ಹಳದಿ.

ಫ್ರೆಂಚ್ ಕ್ರಾಂತಿಯ ಕಾಲದ ಪ್ರಸಂಗ ನನಗೆ ಬಹಳ ಇಷ್ಟ. 1793ರಲ್ಲಿ ಸಂನ್ಯಾಸಿಗಳೆಲ್ಲ ಚದುರಿಹೋದರು. ಹಸ್ತಪ್ರತಿ ಹೊತ್ತವರು ಬಾರ್ಡೋದಲ್ಲಿ ಸೆರೆಸಿಕ್ಕರೂ ಅದೃಷ್ಟಕ್ಕೆ ಅವರ ಮೈ ತಡಕಿ ನೋಡಲಿಲ್ಲ; ಕಾಗದ ಗುಟ್ಟಾಗಿ ಇನ್ನೊಬ್ಬ ಸಂನ್ಯಾಸಿಯ ಕೈಸೇರಿತು. ಮಠ ಮತ್ತೆ ಏಳುವುದಿಲ್ಲವೆಂದು ನಂಬಿದ ಆತ ಅದನ್ನು ಗ್ರೆನೋಬ್ಲ್‌ನ ಔಷಧ ವ್ಯಾಪಾರಿ ಲಿಯೋತಾರ್‌ಗೆ ಮಾರಿಬಿಟ್ಟ. ಅಷ್ಟರಲ್ಲಿ, 1810ರಲ್ಲಿ, ಗುಟ್ಟಿನ ಔಷಧಗಳ ವಿಧಾನವನ್ನೆಲ್ಲ ಸರ್ಕಾರಕ್ಕೆ ಒಪ್ಪಿಸಬೇಕೆಂದು ನೆಪೋಲಿಯನ್ನನ ಆಜ್ಞೆಯಾಯಿತು. ಲಿಯೋತಾರ್ ಕಳಿಸಿದ. ಚಕ್ರವರ್ತಿಯ ಗುಮಾಸ್ತರು ನೋಡಿ 'ತಿರಸ್ಕರಿಸಲಾಗಿದೆ' ಎಂದು ಷರಾ ಬರೆದು ವಾಪಸು ಮಾಡಿದರು. ಸರ್ಕಾರಿ ಕಚೇರಿಯಲ್ಲಿ ಅರ್ಜಿ ತಿರಸ್ಕೃತವಾಗಿ ಲೋಕಕ್ಕೆ ಉಪಕಾರವಾದದ್ದು ನನಗೆ ತಿಳಿದಂತೆ ಇದೊಂದೇ. ಲಿಯೋತಾರ್ ಸತ್ತ ಮೇಲೆ ಮನೆಯವರು ಕಾಗದವನ್ನು ಮಠಕ್ಕೇ ಮರಳಿಸಿದರು.

1903ರಲ್ಲಿ ಇನ್ನೊಂದು ಪೆಟ್ಟು. ಧಾರ್ಮಿಕ ಸಂಸ್ಥೆಗಳ ಮೇಲಿನ ಹೊಸ ಕಾನೂನು ಹಿಡಿದು ಸೈನಿಕರು ಬಂದು ಸಂನ್ಯಾಸಿಗಳನ್ನು ಹೊರಗೆ ಹಾಕಿದರು. ಭಟ್ಟಿ ಜಪ್ತಿಯಾಯಿತು, ಹೆಸರೂ ಹರಾಜಾಯಿತು. ಆದರೆ ವಿಧಾನ? ಅದು ಸಂನ್ಯಾಸಿಗಳ ಜೊತೆ ಗಡಿ ದಾಟಿ ಸ್ಪೇನಿನ ತರ್ರಾಗೋನಾ ಸೇರಿತ್ತು. ಅಲ್ಲಿ ಅವರು ಅಸಲಿ ಮದ್ಯ ಇಳಿಸಿದರು. ಇತ್ತ ಹೆಸರು ಕೊಂಡ ಕಂಪನಿ ಅದೇ ಚೀಟಿ ಅಂಟಿಸಿ ನಕಲು ಮಾರಿತು. ಜಗಳ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿ, 1911ರಲ್ಲಿ, ಅಲ್ಲಿನ ಮಟ್ಟಿಗೆ ಹೆಸರು ಸಂನ್ಯಾಸಿಗಳದ್ದೇ ಎಂದು ತೀರ್ಪಾಯಿತು. ನಕಲು ಕಂಪನಿ 1929ರ ಹೊತ್ತಿಗೆ ದಿವಾಳಿ ಎದ್ದಿತು. ನೆಲಕಚ್ಚಿದ ಅದರ ಷೇರುಗಳನ್ನು ಊರಿನ ವರ್ತಕರು ಕೊಂಡು ಸಂನ್ಯಾಸಿಗಳಿಗೆ ಕಾಣಿಕೆಯಾಗಿ ಕೊಟ್ಟರು. ಹೀಗೆ ಹೆಸರೂ ಭಟ್ಟಿಯೂ ಮತ್ತೆ ಅವರ ಕೈಸೇರಿದವು. ಆದರೆ 1935ರಲ್ಲಿ ಫೂರ್ವಾರಿ ಎಂಬಲ್ಲಿದ್ದ ಆ ಹಳೆಯ ಭಟ್ಟಿಯ ಮೇಲೆ ಗುಡ್ಡ ಕುಸಿಯಿತು. ಆಗ ಭಟ್ಟಿ ವಾರೋನ್ ಪಟ್ಟಣಕ್ಕೆ ಹೋಯಿತು. 2018ರಲ್ಲಿ ಮತ್ತೆ ಬೆಟ್ಟದ ಕಡೆಗೆ, ಎಗ್ನ್ವಾರ್‌ಗೆ. ವಾರೋನ್‌ನ ನೆಲಮಾಳಿಗೆಯನ್ನು ಈಗಲೂ ನೋಡಬಹುದು: ಸಾಲುಗಟ್ಟಿದ ಭಾರಿ ಓಕ್ ಪೀಪಾಯಿಗಳು, ನಡುವೆ ತಣ್ಣನೆಯ ಉದ್ದ ಓಣಿ.

ಗಿಡಮೂಲಿಕೆ 130 ಬಗೆ ಎನ್ನುತ್ತಾರೆ. ಯಾವುವು, ಎಷ್ಟೆಷ್ಟು ಎಂಬುದು ಬೆರಳೆಣಿಕೆಯ ಸಂನ್ಯಾಸಿಗಳಿಗೆ ಮಾತ್ರ ಗೊತ್ತು. ಒಣಗಿದ ಎಲೆ, ಹೂ, ಬೇರುಗಳನ್ನು ಮಠದಲ್ಲೇ ಬೆರೆಸಿ, ಚೀಲ ಕಟ್ಟಿ ಭಟ್ಟಿಗೆ ಇಳಿಸುತ್ತಾರೆ. ಮದ್ಯಸಾರದಲ್ಲಿ ನೆನೆಸುವುದು, ಭಟ್ಟಿ ಇಳಿಸುವುದು, ಆಮೇಲೆ ಎಲೆಯ ಹಸಿರನ್ನು ಬಿಡಿಸಿಕೊಳ್ಳುವುದು, ಪೀಪಾಯಿಯಲ್ಲಿ ವರ್ಷಗಟ್ಟಲೆ ಬಿಡುವುದು. ಕೃತಕ ಬಣ್ಣ ಬಳಸುವುದಿಲ್ಲ. ಈ ಮಾತನ್ನು ನಂಬಲು ನನಗೆ ಕಷ್ಟವಾಗಲಿಲ್ಲ. ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟನೆಯ ದಿನ ಮದ್ದು ಸೊಪ್ಪು ಕುದಿಸಿದ ನೀರು ಹೇಗೆ ಕಡು ನೇರಳೆಗೆ ತಿರುಗುತ್ತದೆ ಎಂದು ಕಂಡವನು ನಾನು. ಅವತ್ತು ಆ ಸೊಪ್ಪಿನಲ್ಲಿ ಹದಿನೆಂಟು ಮದ್ದು ಸೇರಿರುತ್ತದೆಂದು ನಂಬಿಕೆ. ಪಾಯಸ ಮಾಡಿ ಜೇನು, ತುಪ್ಪ ಹಾಕಿ ಉಣ್ಣುತ್ತೇವೆ. ಆ ಹದಿನೆಂಟು ಯಾವುವು ಎಂದು ನಮ್ಮ ಮನೆಯಲ್ಲಿ ಯಾರೂ ಪಟ್ಟಿ ಕೇಳಿದ್ದಿಲ್ಲ. 130ರ ಪಟ್ಟಿ ಕೇಳುವವರನ್ನು ಕಂಡರೆ ನನಗೆ ಅದಕ್ಕೇ ಬೇಸರ. ಪ್ರಯೋಗಾಲಯದಲ್ಲಿ ಹಾಕಿ ಬಿಡಿಸಿಬಿಡಬಹುದು ಎನ್ನುವ ಸಹೋದ್ಯೋಗಿಯೊಬ್ಬನಿದ್ದ. ಬಿಡಿಸಿ ಏನು ಮಾಡುತ್ತೀಯಪ್ಪ, ಕುಡಿ ಅಂದೆ.

ಇತ್ತೀಚೆಗೆ ಈ ಹಸಿರಿಗೆ ಬರ ಬಂದಿದೆ. ಅದರ ಹಿಂದೆ ಒಂದು ಕಾಕ್‌ಟೇಲಿನ ಕೈವಾಡವೂ ಇದೆ. ಜಿನ್, ನಿಂಬೆರಸ, ಮರಸ್ಕಿನೋ ಎಂಬ ಚೆರ್ರಿ ಮದ್ಯ, ಹಸಿರು ಶಾರ್ತ್ರೂಸ್ ನಾಲ್ಕೂ ಸಮ ಸಮ. ಹೆಸರು ಲಾಸ್ಟ್ ವರ್ಡ್. ನೂರು ವರ್ಷದ ಹಿಂದೆ ಡೆಟ್ರಾಯಿಟ್‌ನ ಒಂದು ಕ್ಲಬ್ಬಿನಲ್ಲಿ ಚಾಲ್ತಿಯಲ್ಲಿದ್ದು ಮರೆತೇಹೋಗಿದ್ದನ್ನು ಈ ಶತಮಾನದ ಆರಂಭದಲ್ಲಿ ಸಿಯಾಟಲ್‌ನ ಬಾರ್‌ಟೆಂಡರ್ ಮರ್ರೆ ಸ್ಟೆನ್‌ಸನ್ ಎತ್ತಿ ನಿಲ್ಲಿಸಿದರು. ಊರೂರಿನ ಬಾರುಗಳು ಅದರ ಹಿಂದೆ ಬಿದ್ದವು. ಕೋವಿಡ್ ಕಾಲದಲ್ಲಿ ಮನೆಯಲ್ಲೇ ಕಲಸಿ ಕುಡಿಯುವವರೂ ಸೇರಿಕೊಂಡರು. ಬೇರೆ ಯಾವ ಕಂಪನಿಯಾದರೂ ಎರಡನೆಯ ಭಟ್ಟಿಗೆ ಭೂಮಿಪೂಜೆ ಮಾಡುತ್ತಿತ್ತು. ಸಂನ್ಯಾಸಿಗಳು ಉತ್ಪಾದನೆ ಹೆಚ್ಚಿಸುವುದಿಲ್ಲ ಎಂದು ತೀರ್ಮಾನಿಸಿದರು. 2023ರ ಆರಂಭದಲ್ಲಿ ಲೋಕಕ್ಕೂ ಗೊತ್ತಾಯಿತು. ವರ್ಷಕ್ಕೆ ಸುಮಾರು 16 ಲಕ್ಷ ಬಾಟಲಿ, ಅಷ್ಟೇ. ಪ್ರಾರ್ಥನೆಗೆ, ಏಕಾಂತಕ್ಕೆ ಹೊತ್ತು ಬೇಕು, ಮಠದ ಖರ್ಚಿಗೆ ಸಾಕಾದರೆ ಸಾಕು, ಬೆಟ್ಟಕ್ಕೂ ಭಾರವಾಗಬಾರದು.

ಬಾರ್ ನಡೆಸುವ ಗೆಳೆಯನೊಬ್ಬ ಇದನ್ನು ಅಹಂಕಾರ ಎನ್ನುತ್ತಾನೆ. ನನಗೆ ಹಾಗನ್ನಿಸುವುದಿಲ್ಲ. ಹೊಟ್ಟೆಪಾಡಿಗೆ ಮದ್ಯ ಮಾಡುವವರು ಹೊಟ್ಟೆ ತುಂಬಿದ ಕೂಡಲೇ ನಿಲ್ಲಿಸಿದರೆ ತಪ್ಪೇನು? ನನ್ನ ತಕರಾರು ಬೆಲೆಯ ಬಗ್ಗೆ. ಬೆಲೆ ಏರಿದ್ದೇ ತಡ, ಬಾಟಲಿ ಕುಡಿಯುವವರ ಕೈತಪ್ಪಿ ಕೂಡಿಡುವವರ ಕಪಾಟು ಸೇರುತ್ತಿದೆ. ಇದನ್ನು ಕಪಾಟಿನಲ್ಲಿಟ್ಟು ನೋಡುತ್ತ ಕೂರುವವರಿಗೆ ಆ ಸಂನ್ಯಾಸಿಗಳ ಊಟದ ಪದ್ಧತಿಯನ್ನೇ ಶಿಕ್ಷೆಯಾಗಿ ಕೊಡಬೇಕು.

ಹಳದಿಗೆ ನ್ಯಾಯ ಸಿಗುವುದಿಲ್ಲ ಎಂಬುದು ನನ್ನ ಇನ್ನೊಂದು ಕೊರಗು. ಜೇನು, ಕೇಸರಿ ನೆನಪಿಗೆ ತರುವ ಮೆದು ರುಚಿ. ಊಟವಾದ ಮೇಲೆ, ಅದರಲ್ಲೂ ಪಂದಿ ಕರಿಗೆ ಹಾಕಿದ ಕಾಚಂಪುಳಿಯ ಹುಳಿ ಇನ್ನೂ ಬಾಯಲ್ಲಿರುವಾಗ, ಹಸಿರಿಗಿಂತ ಇದೇ ಮೇಲು. ಗ್ರೆನೋಬ್ಲ್‌ನವರು ಒಪ್ಪುವುದಿಲ್ಲ. ಅವರಿಗೆ ಎಲ್ಲಕ್ಕೂ ಹಸಿರೇ. ಹಿಮದಲ್ಲಿ ಸ್ಕೀ ಮಾಡಿ ಬಂದು ಬಿಸಿ ಚಾಕೊಲೇಟಿಗೆ ಹಸಿರು ಸುರಿದು, ಮೇಲೆ ಕೆನೆ ಹಾಕಿ ಕುಡಿಯುತ್ತಾರೆ. ಅದಕ್ಕೆ ಗ್ರೀನ್ ಶೋ ಎಂದು ಹೆಸರು. ಒಮ್ಮೆ ಅಲ್ಲಿನ ಗೆಳೆಯರ ಮನೆಯಲ್ಲಿ ನನ್ನ ಚಾಕೊಲೇಟಿಗೆ ಹಳದಿ ಕೇಳಿದೆ. ಮನೆಯಾಕೆ ಬಾಟಲಿ ಕೊಟ್ಟರು, ಆದರೆ ಕಪ್ಪನ್ನು ಮೇಜಿನ ಆ ತುದಿಗೆ ಸರಿಸಿ, ಮಕ್ಕಳು ನೋಡದಿರಲಿ ಎಂದರು.